ಅಗಸೆ ಹಿಂಡಿ, ಏಳನೆಯ ಡಬ್ಬಿ: ಕೊನೆಗೂ ಕಮಟು ಹಿಡಿಯಲಿಲ್ಲ

ಅಗಸೆ ಹಿಂಡಿ ಎಂದರೆ ಅಗಸೆ ಬೀಜದ ಚಟ್ನಿಪುಡಿ; ಅದರ ಏಳನೆಯ ಡಬ್ಬಿಗೆ ಇಂದು ಹತ್ತೊಂಬತ್ತು ದಿನ. ಬೆಳಿಗ್ಗೆ ಮುಚ್ಚಳ ತೆಗೆದು ಮೂಗು ಒಡ್ಡಿದೆ. ಮೊದಲು ಬೆಳ್ಳುಳ್ಳಿ, ಅದರ ಬೆನ್ನಿಗೇ ಜೀರಿಗೆ, ಆಮೇಲೆ ಹುರಿದ ಅಗಸೆಯ ಮಂದವಾದ ಕಂಪು. ಬಣ್ಣದಂಗಡಿಯ ವಾಸನೆ ಇಲ್ಲ. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಅರ್ಧ ನಿಮಿಷ ಕಾದೆ. ಕಹಿ ಬರಲಿಲ್ಲ. ಇನ್ನೊಂದು ಚಿಟಿಕೆ ಹಾಕಿಕೊಂಡೆ, ಅದು ಪರೀಕ್ಷೆಗಲ್ಲ. ನಾಲ್ಕು ತಿಂಗಳಲ್ಲಿ ಆರು ಡಬ್ಬಿ ಹಿಂಡಿಯನ್ನು ಕರಿಬೇವಿನ ಕುಂಡಕ್ಕೆ ಸುರಿದಿದ್ದೇನೆ. ಐದನೆಯ ಡಬ್ಬಿಯನ್ನಂತೂ ಇರುವೆಗಳು ಸುತ್ತು ಹಾಕಿ ನೋಡಿ ಹಾಗೆಯೇ ಹೊರಟುಹೋಗಿದ್ದವು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಕಳೆದ ವರ್ಷದ ತಪಾಸಣೆಯಲ್ಲಿ ನನ್ನ ಎಚ್‌ಎಸ್-ಸಿಆರ್‌ಪಿ 4.1 ಬಂದಿತ್ತು. ಸಿಆರ್‌ಪಿ ಎಂದರೆ ದೇಹದಲ್ಲಿ ಎಲ್ಲೋ ಉರಿಯೂತವಿದ್ದಾಗ ಯಕೃತ್ತು ರಕ್ತಕ್ಕೆ ಬಿಡುವ ಪ್ರೋಟೀನ್, ಎಚ್‌ಎಸ್ ಎಂದರೆ ಅದನ್ನು ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಹೃದಯದ ಲೆಕ್ಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ನೆಮ್ಮದಿ, 3 ದಾಟಿದರೆ ಅಪಾಯ ಹೆಚ್ಚು. ವೈದ್ಯರು ಹೇಳಿದ್ದು ಹೊಸದೇನಲ್ಲ: ಹೊಟ್ಟೆ ಇಳಿಸಿ, ನಡೆಯಿರಿ, ಹೊತ್ತಿಗೆ ಸರಿಯಾಗಿ ಮಲಗಿ, ಕರಿದದ್ದು ಬೇಕರಿಯದ್ದು ಬಿಡಿ, ಕಾಳು ಸೊಪ್ಪು ಹೆಚ್ಚಿಸಿ. ಅಗಸೆಯ ಹೆಸರನ್ನು ಅವರು ಎತ್ತಲೇ ಇಲ್ಲ. ಆ ಹುಚ್ಚು ಪೂರ್ತಿ ನನ್ನದು.

ಅದಕ್ಕೂ ಮೊದಲು ಅರಿಸಿನದ ಹುಚ್ಚು ಹಿಡಿದಿತ್ತು. ಕರಿಮೆಣಸಿನೊಂದಿಗೆ ತಿಂದರೆ ಅರಿಸಿನದ ಕರ್ಕ್ಯುಮಿನ್ ಮೈಗೆ ಹತ್ತುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಮಾತಿನ ಮೂಲ ನಮ್ಮ ಬೆಂಗಳೂರಿನದೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್‌ಗೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000ರಷ್ಟು ಹೆಚ್ಚಿತ್ತು. ಸರಿ, ಆದರೆ ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. 2 ಗ್ರಾಂ ಬೇಕಾದರೆ ಅರವತ್ತೈದು ಗ್ರಾಂ ಪುಡಿ ತಿನ್ನಬೇಕು. ಅಷ್ಟು ಅರಿಸಿನವನ್ನು ಮದುವೆಮನೆಯಲ್ಲಿ ಮೈಗೆ ಹಚ್ಚುತ್ತಾರೆ, ಯಾರೂ ತಿನ್ನುವುದಿಲ್ಲ. ಆ ಅಧ್ಯಾಯ ಅಲ್ಲಿಗೆ ಮುಗಿಯಿತು. ಸಾರಿಗೆ ಹಾಕುವ ಅರ್ಧ ಚಮಚ ಹಾಗೆಯೇ ಮುಂದುವರಿದಿದೆ.

ಅಗಸೆಯ ಲೆಕ್ಕ ಹಾಗಲ್ಲ, ಊಟದ ತಟ್ಟೆಯಲ್ಲೇ ಕೂರುತ್ತದೆ. ಬೀಜದ ಶೇ 40ರಷ್ಟು ಎಣ್ಣೆ, ಆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ಹತ್ತು ಗ್ರಾಂ ಬೀಜದಲ್ಲಿ ಎರಡು ಗ್ರಾಂಗಿಂತ ಹೆಚ್ಚು ಸಿಗುತ್ತದೆ. ಜೊತೆಗೆ ನಾರು, ಲಿಗ್ನಾನ್ ಎಂಬ ಸಸ್ಯಾಂಶ. ಮಂಗಳೂರಿನ ಗೆಳೆಯರು ನಗುತ್ತಾರೆ: ಅಗಸೆಯ ಒಮೆಗಾ-3ರಲ್ಲಿ ಮೀನಿನ ಬಗೆಯದಾಗಿ ಮೈಯೊಳಗೆ ಬದಲಾಗುವುದು ಸ್ವಲ್ಪವೇ, ನಾಲ್ಕು ಬೂತಾಯಿ ತಿಂದು ಸುಮ್ಮನಿರಬಾರದೇ ಎಂದು. ಅವರ ಮಾತು ನಿಜ. ನಮ್ಮ ಮನೆಯಲ್ಲಿ ಬೂತಾಯಿ ಬೇಯುವುದಿಲ್ಲ ಎನ್ನುವುದೂ ನಿಜ. ಅಗಸೆ ತಿಂದವರ ಸಿಆರ್‌ಪಿ ಇಳಿಯಿತೇ ಎಂದು ಕೇಳಿದರೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಇಳಿದ ಕಡೆಯಲ್ಲೂ ಇಳಿದದ್ದು ಅಲ್ಪ. ಹಾಗಿದ್ದೂ ಧಾರವಾಡದಲ್ಲಿ ಹುಟ್ಟಿದವನಿಗೆ ಜೋಳದ ರೊಟ್ಟಿ, ಕೆನೆಮೊಸರು, ಮೇಲೆ ಅಗಸೆ ಹಿಂಡಿ ಎಂದರೆ ಅದನ್ನು ಔಷಧವೆಂದು ಯಾರೂ ಒತ್ತಾಯಿಸಬೇಕಾಗಿಲ್ಲ.

ಇನ್ನು ಸಮಸ್ಯೆಗೆ ಬರುತ್ತೇನೆ. ಹುರಿಯುವುದು, ಸಿಡಿಯುವುದು, ತಟ್ಟೆಗೆ ಹರವಿ ಆರಿಸುವುದು ನಿಮಗೆ ಗೊತ್ತಿರುವುದೇ, ಬಿಡಿ. ಮೊದಲ ಡಬ್ಬಿ ಸೀದದ್ದು, ಅದು ಲೆಕ್ಕಕ್ಕಿಲ್ಲ. ಎರಡನೆಯದು ಮಿಕ್ಸರಿನದು, ಒಂದೂವರೆ ನಿಮಿಷ ತಿರುಗಿಸಿ ಉಷ್ಣಮಾಪಕ ಚುಚ್ಚಿದರೆ 61 ಡಿಗ್ರಿ! ಎಣ್ಣೆ ಬಿಟ್ಟುಕೊಂಡು ಉಂಡೆಯಾಗಿತ್ತು. ಹನ್ನೆರಡನೆಯ ದಿನ ಕಮಟು. ಬಿಸಿಯೇ ಅಪರಾಧಿ ಎಂದು ತೀರ್ಮಾನಿಸಿ, ಮಿಕ್ಸರಿಗೆ ಕೈ ಮುಗಿದು, ನಾಲ್ಕು ಕಿಲೋ ತೂಕದ ಹಿತ್ತಾಳೆಯ ಕುಟ್ಟಾಣಿ ತರಿಸಿದೆ. ತರಿಸಿದ ಕಥೆಯೇ ಒಂದು ಪುರಾಣ. ಮೊದಲು ಬಂದದ್ದಕ್ಕೆ ಗುಂಡು ಇರಲಿಲ್ಲ, ಬರೀ ಬಟ್ಟಲು. ಗುಂಡು ಬೇರೆಯಾಗಿ ಬರುವ ಹೊತ್ತಿಗೆ ಹದಿನೇಳು ದಿನ. ಒಳಗೆ ಕಲಾಯಿ ಇಲ್ಲವಲ್ಲ ಎಂದು ಕೇಳಿದರೆ ಮಾರಿದವನ ಉತ್ತರ: "ಕಲಾಯಿ ಏಕೆ ಸರ್, ಹಿತ್ತಾಳೆ ಮೈಗೆ ಒಳ್ಳೆಯದು." ಮೈಗೆ ಒಳ್ಳೆಯದು ಎಂದರೆ ಏನನ್ನಾದರೂ ನಂಬುವ ಸ್ಥಿತಿಯಲ್ಲಿ ನಾನಿದ್ದೆ.

ಮೂರನೆಯ ಡಬ್ಬಿಯನ್ನು ಅದರಲ್ಲಿ ಕುಟ್ಟಿದೆ. ಬಿಸಿ ಇಲ್ಲ, ಆತುರ ಇಲ್ಲ, ತೋಳು ನೋವು ಮಾತ್ರ. ಮಿಕ್ಸರಿನದಕ್ಕಿಂತ ಒಂದು ವಾರವಾದರೂ ಹೆಚ್ಚು ನಿಲ್ಲಬೇಕಿತ್ತು. ಐದನೆಯ ದಿನವೇ ಕಮಟು ಹೊಡೆಯಿತು.

ಇಲ್ಲಿಂದ ಎರಡು ತಿಂಗಳು ನಾನು ಊರೆಲ್ಲರ ಮೇಲೆ ಗೂಬೆ ಕೂರಿಸಿದೆ. ಮೊದಲು ಬೀಜದ ಅಂಗಡಿಯವರ ಮೇಲೆ. ಅವರು ಹೊಸ ಮಾಲು ಎಂದು ಕೊಟ್ಟದ್ದನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಡೆದ ಕಾಳುಗಳೇ ಬೇಕಾದಷ್ಟು. ಒಡೆದ ಬೀಜ ಎಂದರೆ ಬಾಗಿಲು ತೆರೆದಿಟ್ಟ ಮನೆ, ಗಾಳಿ ಒಳಗೆ ಹೋಗಿ ಕೂತಾಗಿರುತ್ತದೆ. ಊರಿನಿಂದ ಈ ಸಲದ ಹಿಂಗಾರಿನ ಬೀಜ ತರಿಸಿ, ಜರಡಿ ಹಿಡಿದು, ನಾಲ್ಕನೆಯ ಡಬ್ಬಿ ಮಾಡಿದೆ. ಏಳು ದಿನ ನಿಂತಿತು. ಆಮೇಲೆ ಗಾಜಿನ ಡಬ್ಬಿಯ ಮೇಲೆ ಸಂಶಯ. ಚೆಂದ ಕಾಣುತ್ತದೆಂದು ಅದನ್ನು ಕಿಟಕಿಯ ಪಕ್ಕ ಇಟ್ಟಿದ್ದೆ, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿತ್ತು. ಐದನೆಯದು ಸ್ಟೀಲ್ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ. ಬೆಳ್ಳುಳ್ಳಿ ವಾಸನೆ ಹಾಲಿಗೆ ಹಿಡಿಯಿತೆಂದು ಹೆಂಡತಿ ಗಡೀಪಾರು ಮಾಡುವವರೆಗೆ ಒಂಬತ್ತು ದಿನ ಇತ್ತು. ಗಡೀಪಾರಿನ ಹೊತ್ತಿಗೆ ಅದೂ ಕೆಟ್ಟಾಗಿತ್ತು. ಆರನೆಯದಕ್ಕೆ ಹುಣಸೆಹಣ್ಣನ್ನು ಬಿಸಿಲಿನಲ್ಲಿ ಕಲ್ಲಿನಂತೆ ಒಣಗಿಸಿದೆ, ತೇವ ಇರಬಾರದೆಂದು. ಎಂಟು ದಿನ.

ಆ ನಡುವೆ ಧಾರವಾಡಕ್ಕೆ, ಕಾಕುವಿಗೆ (ಚಿಕ್ಕಮ್ಮನಿಗೆ) ಫೋನ್ ಮಾಡಿದ್ದೆ.

"ಕಾಕೂ, ನಿಮ್ಮ ಹಿಂಡಿ ತಿಂಗಳುಗಟ್ಟಲೆ ಹೇಗೆ ಇರುತ್ತದೆ?"

"ಇರುವುದು ಎಲ್ಲಿ ತಮ್ಮಾ, ಹದಿನೈದು ದಿನಕ್ಕೇ ತಿಂದು ಮುಗಿಸುತ್ತಾರೆ. ನೀನು ಯಾವುದರಲ್ಲಿ ಕುಟ್ಟುತ್ತೀ?"

ಹಿತ್ತಾಳೆ ಎಂದೆ.

"ಹುಣಸೆಹಣ್ಣು ಹಾಕಿಯೇ? ಹಾಗಾದರೆ ನಿನ್ನ ಕುಟ್ಟಾಣಿ ಥಳಥಳ ಹೊಳೆಯುತ್ತಿರಬೇಕು ನೋಡು."

ಹೊಳೆಯುತ್ತಿತ್ತು. ತಿಕ್ಕದೆಯೇ ಹೇಗೆ ಇಷ್ಟು ಹೊಳೆಯುತ್ತಿದೆ ಎಂದು ನಾನು ಹೆಮ್ಮೆ ಕೂಡ ಪಟ್ಟಿದ್ದೆ. ಕಾಕು ತಮಾಷೆ ಮಾಡುತ್ತಿದ್ದಾರೆಂದು ನಕ್ಕು ಫೋನ್ ಇಟ್ಟೆ. ಅಪರಾಧಿಯ ಹೆಸರು, ವಿಳಾಸ ಎರಡನ್ನೂ ಅವರು ಅಂದೇ ಹೇಳಿಬಿಟ್ಟಿದ್ದರು.

ಮೂರು ವಾರದ ನಂತರ ಮಹಡಿಯ ಮೇಲಿನ ನನ್ನ ಮರಗೆಲಸದ ಮೂಲೆಯಲ್ಲಿ ತೇಗದ ಮಣೆಯೊಂದಕ್ಕೆ ಎಣ್ಣೆ ಹಚ್ಚುತ್ತಿದ್ದೆ. ಮರಕ್ಕೆ ಹಚ್ಚುವುದೂ ಇದೇ ಅಗಸೆ ಎಣ್ಣೆ, ಹಳೆಯ ಕ್ರಿಕೆಟ್ ಬ್ಯಾಟಿಗೆ ಹಚ್ಚುತ್ತಿದ್ದೆವಲ್ಲ ಅದೇ. ಕೊಬ್ಬರಿ ಎಣ್ಣೆ ಹಚ್ಚಿದರೆ ಜಿಡ್ಡು ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಅದರ ಕೊಬ್ಬಿನ ಸರಪಣಿಯಲ್ಲಿ ಮೂರು ಜೋಡಿಬಂಧಗಳಿದ್ದು, ಆಮ್ಲಜನಕ ಕೈ ಹಾಕಲು ಅಲ್ಲೆಲ್ಲ ಜಾಗವಿದೆ. ಊಟಕ್ಕೆ ಬೇಕಾದ ಒಮೆಗಾ-3 ಎಂದರೆ ಇದೇ ಸರಪಣಿ. ಬರೀ ಎಣ್ಣೆ ಮರದ ಮೇಲೆ ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಅಂಗಡಿಯಲ್ಲಿ "ಬಾಯ್ಲ್ಡ್" ಎಂದು ಮಾರುವ ಎಣ್ಣೆಗೆ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳನ್ನು ಚೂರೇ ಚೂರು ಬೆರೆಸಿರುತ್ತಾರೆ. ಒಂದು ದಿನದಲ್ಲಿ ಒಣಗಿಬಿಡುತ್ತದೆ. (ಅದನ್ನು ಬಾಯಿಗೆ ಹಾಕುವಂತಿಲ್ಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.)

ಡಬ್ಬಿಯ ಮೇಲೆ "ಲೋಹಯುಕ್ತ ಡ್ರೈಯರ್ ಸೇರಿಸಲಾಗಿದೆ" ಎಂಬುದನ್ನು ಓದುತ್ತಾ ಕೈಯಲ್ಲಿದ್ದ ಬಟ್ಟೆ ಅಲ್ಲಿಯೇ ನಿಂತಿತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಎಣ್ಣೆ ಕೆಡಿಸುವುದರಲ್ಲಿ ತಾಮ್ರ ಕಬ್ಬಿಣಕ್ಕಿಂತ ಒಂದು ಕೈ ಮೇಲು, ಎಳ್ಳಿನಷ್ಟು ಇದ್ದರೂ ಸಾಕು. ಹುಣಸೆಹಣ್ಣು ಮತ್ತು ಉಪ್ಪಿನಲ್ಲಿ ಹಿತ್ತಾಳೆ ಬೆಳಗುವುದು ಮೂರನೆಯ ತರಗತಿಯ ಮಗುವಿಗೂ ಗೊತ್ತು. ಬೆಳಗುವುದು ಎಂದರೆ ಮೇಲಿನ ಪದರವನ್ನು ಕರಗಿಸಿ ತೆಗೆಯುವುದು. ಕರಗಿದ್ದು ಎಲ್ಲಿಗೆ ಹೋಗುತ್ತದೆ? ಕುಟ್ಟಾಣಿಯಲ್ಲಿ ಬೇರೆ ಏನಿತ್ತು? ಉರಿಯೂತ ಇಳಿಸುತ್ತೇನೆಂದು ಹೊರಟು, ಎಣ್ಣೆಗೆ ಡ್ರೈಯರ್ ಬೆರೆಸಿ ರೊಟ್ಟಿಗೆ ವಾರ್ನಿಷ್ ಹಚ್ಚಿಕೊಂಡು ತಿನ್ನುತ್ತಿದ್ದೆ.

ಊಹೆ ಎಷ್ಟು ಚೆಂದವಾಗಿದ್ದರೂ ಡಬ್ಬಿ ಒಪ್ಪಬೇಕಲ್ಲ. ಏಳನೆಯದನ್ನು ನಾಲ್ಕಾಗಿ ಒಡೆದೆ. ಒಂದೇ ಸಲ ಹುರಿದ 400 ಗ್ರಾಂ ಬೀಜ, ನೂರು ನೂರರಂತೆ. 7ಅ ಕಲ್ಲಿನ ಒರಳಿನಲ್ಲಿ, 7ಆ ಹಿತ್ತಾಳೆಯಲ್ಲಿ, ಎರಡಕ್ಕೂ ಉಪ್ಪು ಹುಣಸೆ ಸಮಸಮ. 7ಇ ಹಿತ್ತಾಳೆಯಲ್ಲೇ, ಉಪ್ಪು ಹುಣಸೆ ಇಲ್ಲದೆ. 7ಈ ಮಿಕ್ಸರಿನ ಸ್ಟೀಲ್ ಜಾರಿನಲ್ಲಿ, ಐದೈದು ಸೆಕೆಂಡು ತಿರುಗಿಸಿ ನಿಲ್ಲಿಸಿ, ಉಪ್ಪು ಹುಣಸೆ ಸಹಿತ. ಒಂದೇ ಬಗೆಯ ಸ್ಟೀಲ್ ಡಬ್ಬಿಗಳು, ಒಂದೇ ಕಪಾಟು, ಗುರುತನ್ನು ತಳಕ್ಕೆ ಅಂಟಿಸಿದ್ದು. ಮೂಸುವ ಕೆಲಸ ಪಕ್ಕದ ಮನೆಯ ನಿವೃತ್ತ ಮೇಷ್ಟ್ರದ್ದು, ನನ್ನ ಮೂಗಿಗೆ ಈಗ ಪೂರ್ವಗ್ರಹ ಇದೆ. ಆರನೆಯ ದಿನ ಅವರು ಒಂದು ಡಬ್ಬಿ ಮುಚ್ಚಿ ದೂರ ತಳ್ಳಿ, "ಇದೇನ್ರೀ, ನಮ್ಮ ಕಿಟಕಿಗೆ ಬಣ್ಣ ಬಳಿಸಿದ ದಿನದ ವಾಸನೆ" ಎಂದರು. ತಳ ನೋಡಿದೆ, 7ಆ. 7ಇ ಹದಿನಾಲ್ಕನೆಯ ದಿನದವರೆಗೆ ಎಳೆಯಿತು. 7ಈ ಹದಿನೇಳಕ್ಕೆ ಒಂದಿಷ್ಟು ಅನುಮಾನ ಹುಟ್ಟಿಸಿದೆ. 7ಅ ಹತ್ತೊಂಬತ್ತಕ್ಕೂ ಗಟ್ಟಿ.

ಒಂದು ಎಚ್ಚರಿಕೆ. ಕಮಟು ವಾಸನೆ ಬೇರೆ, ಕಹಿ ಬೇರೆ. ಇಟ್ಟ ಅಗಸೆ ಎಣ್ಣೆಗೆ ಬರುವ ಕಹಿಗೆ ಸೈಕ್ಲೊಲಿನೊಪೆಪ್ಟೈಡ್ ಎಂಬ ಪುಟ್ಟ ಉಂಗುರದಂಥ ಅಣುಗಳು ಆಮ್ಲಜನಕ ಹಿಡಿದು ಬದಲಾಗುವುದು ಕಾರಣ. ಮೂಗು ಅದನ್ನು ಹಿಡಿಯುವುದೇ ಇಲ್ಲ. ಹಾಗಾಗಿ ಮೂಸಿದ ಮೇಲೆ ನಾಲಿಗೆಗೂ ಹಾಕಿ ನೋಡಿ.

ಕಲ್ಲಿನ ಬಗ್ಗೆ ದೂರು ಇಲ್ಲದೆ ಈ ದಾಖಲೆ ಪೂರ್ತಿಯಾಗದು. ಹೊಸ ಒರಳು ಮಾರಿದವರು ಪಳಗಿಸಿಯೇ ಕೊಟ್ಟಿದ್ದೇವೆ ಎಂದಿದ್ದರು. ಅಕ್ಕಿ, ಕಲ್ಲುಪ್ಪು ಹಾಕಿ ಎಂಟು ಸಲ ಅರೆದ ಮೇಲೂ ಹಿಟ್ಟು ಬೂದು ಬಣ್ಣಕ್ಕೇ ಬರುತ್ತಿತ್ತು. ಹನ್ನೊಂದನೆಯ ಸಲ ಬೆಳ್ಳಗಾಯಿತು. ಆಟೊದವರು ಒರಳಿಗೆ ಪ್ರತ್ಯೇಕ ಬಾಡಿಗೆ ಕೇಳಿದರು, ಕೊಟ್ಟೆ. ಹಿತ್ತಾಳೆ ಕುಟ್ಟಾಣಿಗೆ ಈಗ ಏಲಕ್ಕಿ, ಮೆಣಸು ಕುಟ್ಟುವ ಒಣ ಕೆಲಸ.

ಒರಳು ಬಂದ ಮೇಲೆ ಅಂಬಲಿಯ ಯೋಚನೆ ಹೊಕ್ಕಿದೆ. ಸ್ಟ್ಯಾನ್‌ಫರ್ಡ್‌ನವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೂ ನೆನಪಿರಬಹುದು: 36 ಆರೋಗ್ಯವಂತರು, ಹತ್ತು ವಾರ, ಮೊಸರು, ಕೆಫಿರ್, ಕಿಮ್ಚಿಯಂಥ ಹುದುಗಿದ್ದನ್ನು ತಿಂದ ಗುಂಪಿನವರ ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದವು, ಬರೀ ನಾರು ಹೆಚ್ಚಿಸಿದ ಗುಂಪಿನಲ್ಲಿ ಹಾಗೆ ಒಟ್ಟಾಗಿ ಇಳಿಯಲಿಲ್ಲ. ರಾಗಿ ಅಂಬಲಿ ಅವರ ಪಟ್ಟಿಯಲ್ಲಿರಲಿಲ್ಲ, ಅದು ನನ್ನ ದುರಾಸೆ. ಮಡಕೆ ಆಗಲೇ ನೋಡಿಟ್ಟಿದ್ದೇನೆ. ರಾತ್ರಿ ಹುಳಿ ಬರಲು ಬಿಟ್ಟು ಗಂಟೆಗೊಮ್ಮೆ ಪಿಎಚ್ ಕಾಗದ ಅದ್ದುವ ಯೋಜನೆ. ಗಂಟೆಗೊಮ್ಮೆ ಏಳುವುದು ಯಾರೆಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಿದ್ದೆಗೆಟ್ಟರೆ ಸಿಆರ್‌ಪಿ ಏರುತ್ತದೆ ಎಂದು ಹೆಂಡತಿ ನನ್ನದೇ ಟಿಪ್ಪಣಿ ಪುಸ್ತಕ ತೆರೆದು ತೋರಿಸಿದಳು.

ಸಿಆರ್‌ಪಿ ಎಷ್ಟಾಯಿತು ಎಂದು ಕೇಳುವವರಿಗೆ: ಹೋದ ತಿಂಗಳು ಮಾಡಿಸಿದೆ, 12.6 ಬಂತು. ಅಗಸೆಯ ತಪ್ಪಲ್ಲ, ಎಡಗಡೆಯ ದವಡೆಹಲ್ಲಿನ ಬುಡದಲ್ಲಿ ಕೀವು ಕಟ್ಟಿತ್ತು. 10 ದಾಟಿದರೆ ಮೊದಲು ಸೋಂಕು ಹುಡುಕಬೇಕು, ಅದು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ನೋಡಬೇಕು ಎಂದರು ವೈದ್ಯರು. ಹಲ್ಲು ಹೋಯಿತು, ಪರೀಕ್ಷೆ ಬಾಕಿ ಇದೆ. ಈ ಮಧ್ಯೆ ಸೊಂಟದ ಪಟ್ಟಿ ಎರಡು ತೂತು ಒಳಗೆ ಬಂದಿದೆ. ಮುಂದೆ ಸಂಖ್ಯೆ ಇಳಿದರೆ ಅದರ ಶ್ರೇಯಸ್ಸು ಅಗಸೆಗಿಂತ ಸಂಜೆಯ ನಡಿಗೆಗೇ ಹೆಚ್ಚು ಸಲ್ಲಬೇಕೆಂದು ನನ್ನ ಗುಮಾನಿ.

7ಅ ಡಬ್ಬಿಯಲ್ಲಿ ಈಗ ಉಳಿದಿರುವುದು ನಾಲ್ಕು ಚಮಚ. ಮೂವತ್ತು ದಿನ ತುಂಬುವವರೆಗೆ ಯಾರೂ ಮುಟ್ಟಬಾರದು ಎಂದು ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ನೋಡಿದರೆ ಅದರ ಕೆಳಗೆ ಮಗಳ ಅಕ್ಷರ: "18ನೆಯ ದಿನ, ರಾತ್ರಿ. ಮೊಸರನ್ನದೊಂದಿಗೆ ಎರಡು ಚಮಚ. ಕಹಿ ಇಲ್ಲ, ಉಪ್ಪು ಸ್ವಲ್ಪ ಕಡಿಮೆ."