ಬೇಸಿಗೆಯಲ್ಲಿ ಜೇನು ಸಾಕುವುದೆಂದರೆ ಹೆಚ್ಚಾಗಿ ನೀರು ಹೊರುವುದು

ಮಾರ್ಚ್ ಬಂತೆಂದರೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ, ಈ ಸಲ ಎಷ್ಟು ಕೆಜಿ ಜೇನುತುಪ್ಪ ಸಿಕ್ಕಿತು ಅಂತ. ಜೇನು ಸಾಕುವುದು ಅಂದರೆ ತುಪ್ಪ ತೆಗೆಯುವುದು ಅಂತಲೇ ಎಲ್ಲರ ಲೆಕ್ಕ. ತೆಗೆಯುವ ಕೆಲಸ ಒಂದು ಹೊತ್ತಿನಲ್ಲಿ ಮುಗಿಯುತ್ತದೆ ಮಾರಾಯ್ರೆ. ಉಳಿದ ಬೇಸಿಗೆ ಪೂರ್ತಿ ನಾವು ಮಾಡುವುದು ನೀರಿಡುವುದು, ನೆರಳು ಮಾಡುವುದು, ಇರುವೆ ಓಡಿಸುವುದು, ಜೊತೆಗೆ ಪೆಟ್ಟಿಗೆ ತೆರೆದು ನೋಡಬೇಕು ಅನ್ನುವ ಆಸೆಯನ್ನು ತಡೆದುಕೊಳ್ಳುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ನಮ್ಮದು ಶಿರಸಿ ಕಡೆಯ ತೋಟದ ಮನೆ. ಹಿತ್ತಿಲಲ್ಲೂ ತೋಟದ ಅಂಚಿನಲ್ಲೂ ಕೆಲವು ಪೆಟ್ಟಿಗೆ ಇಟ್ಟಿದ್ದೇವೆ, ಎಲ್ಲ ತುಡುವೆ ಜೇನು, ಅಂದರೆ ಪೆಟ್ಟಿಗೆಯಲ್ಲಿ ಸಾಕಬಹುದಾದ ನಮ್ಮ ನಾಡಿನ ಜಾತಿ. ಹಳೇ ಮಣ್ಣಿನ ಗೋಡೆಯ ಸಂದಿಯಲ್ಲಿ ಚುಚ್ಚದ ಪುಟ್ಟ ಮಿಸರಿ ಜೇನೂ ಇದೆ. ಅದನ್ನು ನಾವು ಸಾಕಿದ್ದೇವೆ ಅಂತ ಹೇಳುವ ಹಾಗಿಲ್ಲ, ಅದರಷ್ಟಕ್ಕೆ ಅದು ಇದೆ. ಇದು ನಮಗೆ ದಂಧೆಯಲ್ಲ. ಮನೆಗಾಗಿ ಮಿಕ್ಕಿದ್ದು ನೆಂಟರಿಷ್ಟರಿಗೆ ಹೋಗುತ್ತದೆ, ಅಷ್ಟೇ.

ಏಪ್ರಿಲ್ ಮಧ್ಯಾಹ್ನ ಊಟ ಮುಗಿಸಿ ಹಿತ್ತಿಲಿಗೆ ಹೋದರೆ ಪೆಟ್ಟಿಗೆಯ ಬಾಗಿಲ ಹೊರಗೆ ಹುಳುಗಳು ಗೊಂಚಲು ಗೊಂಚಲಾಗಿ ನೇತುಬಿದ್ದಿರುತ್ತವೆ. ಹೊಸಬರು ಇದನ್ನು ನೋಡಿ ಗಾಬರಿಯಾಗಿ ಫೋನ್ ಮಾಡುತ್ತಾರೆ, ಜೇನು ಓಡಿ ಹೋಗ್ತಾ ಇದೆ ಅಂತ. ಹಾಗೇನಿಲ್ಲ. ಒಳಗೆ ಸೆಖೆ, ಅದಕ್ಕೆ ಹೊರಗೆ ಬಂದು ಕೂತಿವೆ. ನಾವು ಜಗಲಿ ಮೇಲೆ ಕೂರುವುದಿಲ್ವಾ? ಮರಿಗಳಿರುವ ಎರಿಯ, ಅಂದರೆ ಮೇಣದ ಹಲ್ಲೆಯ, ಬಿಸಿ 34-35 ಡಿಗ್ರಿ ಆಸುಪಾಸಿನಲ್ಲೇ ಇರಬೇಕು, ಅದಕ್ಕಿಂತ ಜಾಸ್ತಿಯಾದರೆ ಮರಿ ಉಳಿಯುವುದಿಲ್ಲ. ಹಾಗಾಗಿ ದೊಡ್ಡ ಹುಳುಗಳು ಒಳಗಿನ ಜಾಗ ಬಿಟ್ಟುಕೊಡುತ್ತವೆ, ಕೆಲವು ನೀರು ತಂದು ಎರಿಯ ಮೇಲೆ ಹನಿ ಹನಿಯಾಗಿ ಹಚ್ಚುತ್ತವೆ, ಇನ್ನು ಕೆಲವು ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ತುಡುವೆ ಬೀಸುವ ರೀತಿ ಗಮನಿಸಿ ನೋಡಿ, ತಲೆ ಹೊರಗಡೆಗೆ ಮಾಡಿ ನಿಂತಿರುತ್ತದೆ, ಅಂದರೆ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಬಯಲುಸೀಮೆಯಲ್ಲಿ ಸೂರ್ಯಕಾಂತಿ ಹೊಲದ ಹತ್ತಿರ ಇಡುವ ಯುರೋಪಿನ ಜೇನು ಮೆಲ್ಲಿಫೆರಾ ಹಾಗಲ್ಲ, ಅದು ಒಳಕ್ಕೆ ಮುಖ ಮಾಡಿ ನಿಂತು ಒಳಗಿನ ಬಿಸಿ ಗಾಳಿಯನ್ನು ಹೊರಗೆ ಎಳೆಯುತ್ತದೆ. ಸೆಖೆ ಎರಡಕ್ಕೂ ಅದೇ, ಬೀಸುವುದು ಮಾತ್ರ ಉಲ್ಟಾ. ಯಾಕೆ ಹೀಗೆ ಅಂತ ಯೋಚಿಸುತ್ತಾ ನಾನು ಎಷ್ಟೋ ಮಧ್ಯಾಹ್ನ ಪಾತ್ರೆ ತೊಳೆಯದೆ ಅಲ್ಲೇ ಕೂತಿದ್ದುಂಟು.

ಇದರಲ್ಲಿ ನಾವು ಮಾಡಬಹುದಾದದ್ದು ಕಡಿಮೆ, ಆದರೆ ಅದನ್ನು ಸರಿಯಾಗಿ ಮಾಡಬೇಕು. ಬೆಳಗಿನ ಬಿಸಿಲು ಬಿದ್ದರೆ ಒಳ್ಳೆಯದೇ, ಮಧ್ಯಾಹ್ನದ್ದು ಬೀಳಬಾರದು. ನಾವು ಪೆಟ್ಟಿಗೆಯ ಮೇಲೆ ಅಡಿಕೆ ಸೋಗೆ ಹಾಕುತ್ತೇವೆ. ಮಳೆಗಾಲಕ್ಕೆ ಅಂತ ತಗಡು ಹೊದಿಸಿದ್ದವರು ಬೇಸಿಗೆಯಲ್ಲಿ ಅದನ್ನು ತೆಗೆಯಲೇಬೇಕು, ಇಲ್ಲಾಂದ್ರೆ ಒಳಗೆ ಎರಿ ಮೆತ್ತಗಾಗಿ ತುಪ್ಪದ ಭಾರಕ್ಕೆ ಜರಿದು ಬೀಳುತ್ತದೆ. ಬೆಂಗಳೂರಿನಲ್ಲಿ ತಾರಸಿ ಮೇಲೆ ಪೆಟ್ಟಿಗೆ ಇಟ್ಟಿರುವ ಗೆಳತಿಯೊಬ್ಬಳಿದ್ದಾಳೆ. ಅವಳ ಕಷ್ಟ ಬೇರೆ ಥರ, ಕೆಳಗಿನ ಕಾಂಕ್ರೀಟೇ ಕಾದು ಕೂತಿರುತ್ತದೆ. ಅವಳು ಪೆಟ್ಟಿಗೆಯನ್ನು ಎತ್ತರದ ಸ್ಟ್ಯಾಂಡಿಗೆ ಏರಿಸಿ, ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಸುತ್ತ ಕುಂಡದ ಗಿಡ ಜೋಡಿಸಿದ್ದಾಳೆ.

ಇನ್ನು ನೀರು. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳುವುದಿದೆ. ಜೇನಿಗೆ ಶುದ್ಧ ನೀರು ಬೇಕು ಅಂತ ಫಿಲ್ಟರ್ ನೀರು ಇಡುವವರನ್ನು ಕಂಡಿದ್ದೇನೆ. ಹುಳು ಅದನ್ನು ಮೂಸಿಯೂ ನೋಡದೆ ಕೊಟ್ಟಿಗೆಯ ಗಂಜಲದ ಕಾಲುವೆಗೋ, ಬಚ್ಚಲ ನೀರು ಹರಿಯುವ ಬಾಳೆ ಬುಡಕ್ಕೋ ಹೋಗುತ್ತದೆ. ವಾಸನೆ ಇರುವ, ಉಪ್ಪಿನ ಅಂಶ ಇರುವ ನೀರೇ ಅದಕ್ಕೆ ಇಷ್ಟ. ಜೊತೆಗೆ ಒಂದು ಜಾಗ ರೂಢಿಯಾದ ಮೇಲೆ ಬಿಡಿಸುವುದು ಭಾರೀ ಕಷ್ಟ. ಪಕ್ಕದ ಮನೆಯ ನಲ್ಲಿಗೆ ಹೋಗಲು ಶುರು ಮಾಡಿದರೆ ಮುಗಿಯಿತು, ಆ ಬೇಸಿಗೆ ಪೂರ್ತಿ ಅವರಿಗೂ ನಿಮಗೂ ಮಾತಿರುವುದಿಲ್ಲ. ಅದಕ್ಕೇ ಬಿಸಿಲು ಏರುವ ಮೊದಲೇ, ಶಿವರಾತ್ರಿ ಹೊತ್ತಿಗೆ, ನೀರಿನ ಜಾಗ ಮಾಡಿಬಿಡಬೇಕು. ಅಗಲದ ಮಣ್ಣಿನ ತಟ್ಟೆ, ಅದರಲ್ಲಿ ತೆಂಗಿನ ಸಿಪ್ಪೆ, ಒಂದಷ್ಟು ಕಲ್ಲು, ಕಾಲೂರಲು ಜಾಗ ಸಿಗುವಷ್ಟು. ಪಾಚಿ ಕಟ್ಟಿದರೆ ಉಜ್ಜಿ ತೊಳೆಯಲು ಹೋಗಬೇಡಿ, ಪಾಚಿ ಕಟ್ಟಿದ ಮೇಲೇ ಹುಳು ಜಾಸ್ತಿ ಬರುತ್ತದೆ. ದಿನಾ ಹೊಸ ನೀರು ಮಾತ್ರ ಸೇರಿಸುತ್ತಿರಬೇಕು, ಒಂದು ದಿನ ಒಣಗಿದರೂ ಅವು ಬೇರೆ ಜಾಗ ಹುಡುಕುತ್ತವೆ. ಮನೆಯವರೆಲ್ಲ ಮದುವೆಗೆ ಹೋಗುವ ಕಾಲವೂ ಇದೇ ನೋಡಿ, ಹಾಗಾಗಿ ನಮ್ಮ ಮನೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಯಾರಾದರೊಬ್ಬರು ಉಳಿಯಲೇಬೇಕು. ಬಹಳ ಸಲ ಅದು ನಾನೇ. ಕೆಲವು ಮದುವೆಗಳ ವಿಷಯದಲ್ಲಿ ಜೇನು ಒಳ್ಳೆಯ ನೆಪವೂ ಹೌದು ಬಿಡಿ.

ಬಟ್ಟೆಯ ವಿಷಯ ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಜೇನು ಗೂಡಿನೊಳಗೆ ಹೇಸಿಗೆ ಮಾಡುವುದಿಲ್ಲ, ಹಾರುತ್ತಲೇ ಮಾಡುತ್ತದೆ. ಹಾರುವ ದಾರಿಯಲ್ಲಿ ಬಿಳಿ ಪಂಚೆ ಒಣಗಿಸಿದ್ದರೆ ಸಂಜೆಗೆ ಅದರ ತುಂಬ ಹಳದಿ ಚುಕ್ಕೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. "ನಿನ್ನ ಜೇನಿಗೆ ಮಾವನ ಪಂಚೆಯೇ ಬೇಕಾ ಮಾರಾಯ್ತಿ" ಅಂತ ಅತ್ತೆ ಬೈದ ಮೇಲೆ ಬಟ್ಟೆ ತಂತಿಯ ಜಾಗ ಬದಲಾಯಿತು. ಪೆಟ್ಟಿಗೆ ಕದಲಲಿಲ್ಲ.

ಹೂವಿನ ಕಾಲ ಊರೂರಿಗೆ ಬೇರೆ. ನಮ್ಮಲ್ಲಿ ಕುಂಟುನೇರಳೆ ಹೂ ಬಿಟ್ಟಾಗ ಮರದ ಕೆಳಗೆ ನಿಂತರೆ ಮೇಲಿಂದ ಗುಂಯ್ ಅನ್ನುವ ಸದ್ದು ಕೇಳುತ್ತದೆ, ಆಮೇಲೆ ಅಳಲೆ, ಮತ್ತಿ. ಪರಾಗಕ್ಕೆ ಅಡಿಕೆ ಸಿಂಗಾರ, ತೆಂಗು ಇದ್ದೇ ಇದೆ. ಸುಳ್ಯದ ಕಡೆಯವರಿಗೆ ರಬ್ಬರ್. ಅಲ್ಲಿ ಹೂವಿಗಿಂತ ಎಲೆಯೇ ಮುಖ್ಯ, ಎಲೆ ಉದುರಿ ಹೊಸ ಚಿಗುರು ಬಂದಾಗ ತೊಟ್ಟಿನ ತುದಿಯಲ್ಲಿ ಒಸರುವ ಸಿಹಿಯನ್ನು ಹುಳುಗಳು ಹೀರುತ್ತವೆ. ಕೊಡಗಿನವರು ಆಕಾಶ ನೋಡುತ್ತಾ ಕೂತಿರುತ್ತಾರೆ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನಕ್ಕೆ ಎಲ್ಲ ಮುಗಿಯುತ್ತದೆ. ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ಹುಳುಗಳ ಬಲ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ರೊಬಸ್ಟಾಗೆ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಹಾಗಾಗಿ ಅಲ್ಲಿನ ತೋಟದವರಿಗೂ ಜೇನಿನ ಮೇಲೆ ಪ್ರೀತಿ. ಗೇರು ತೋಟದವರಿಗೆ ಇದನ್ನೇ ಹೇಳುವುದು ಕಷ್ಟ. ಹೂವಿನ ಹೊತ್ತಿಗೇ ಅವರು ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟಕ್ಕೆ ಮದ್ದು ಹೊಡೆಯುವುದು. ಹೊಡೆಯಬೇಡಿ ಅನ್ನಲು ನಾವ್ಯಾರು, ಅವರ ಬೆಳೆ. ಸಂಜೆ ಹೊಡೆಯಿರಿ, ಮುಂಚೆ ಒಂದು ಮಾತು ಹೇಳಿ ಅಂತ ಕೇಳಿಕೊಂಡಿದ್ದೇವೆ. ಹೇಳಿದ ದಿನ ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ ಮರುದಿನ ಬೆಳಿಗ್ಗೆ ಸ್ವಲ್ಪ ತಡವಾಗಿ ಬಿಡುತ್ತೇವೆ.

ನಮ್ಮ ಮಾವ ಮಾತ್ರ ಪೆಟ್ಟಿಗೆ ತೆರೆಯದೆ ಇರಲಾರರು. ಮುಚ್ಚಳ ಎತ್ತಿ, ಎರಿ ಒಂದೊಂದೇ ತೆಗೆದು ಬೆಳಕಿಗೆ ಹಿಡಿದು ಮರಿ ನೋಡುತ್ತಾರೆ. ಸೆಖೆಯಲ್ಲಿ ಹೀಗೆ ಪದೇ ಪದೇ ತೆರೆದರೆ ತುಡುವೆ ಬೇಸತ್ತು ಗೂಡು ಬಿಟ್ಟೇ ಹೋಗಬಹುದು ಅಂತ ನಾನು ಹೇಳುವುದು, ಅವರು ಹೂಂ ಅನ್ನುವುದು, ಮತ್ತೆ ತೆರೆಯುವುದು. ಅವರನ್ನು ದೂರಲೂ ಆಗುವುದಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಗುಡಿಸಿ ಹಾಕಿದಾಗ ಇವರ ಪೆಟ್ಟಿಗೆಗಳೂ ಖಾಲಿಯಾದವು. ಮರಿ ಎದ್ದು ನಿಂತ ಹಾಗೇ ಸತ್ತು, ನೀರು ತುಂಬಿದ ಚೀಲವಾಗಿರುತ್ತಿತ್ತಂತೆ. ಆಮೇಲೆ ಬಹಳ ವರ್ಷ ಆ ಪೆಟ್ಟಿಗೆಗಳು ಅಟ್ಟದ ಮೇಲೆ ಬಿದ್ದಿದ್ದವು. ಆ ಭಯ ಅವರಿಗೆ ಇನ್ನೂ ಹೋಗಿಲ್ಲ. "ನೋಡಿದರೆ ಏನಾಯ್ತು, ನೋಡದೆ ಕಳೆದುಕೊಳ್ಳುವುದಕ್ಕಿಂತ ವಾಸಿ" ಅನ್ನುತ್ತಾರೆ. ಈಗ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಬೆಳಿಗ್ಗೆ ತಂಪಿರುವಾಗ ಮಾತ್ರ ತೆರೆಯುವುದು, ಅದೂ ಬಾಗಿಲ ಮುಂದೆ ಏನಾದರೂ ಅನುಮಾನ ಬಂದರೆ. ಹೊರಗಿನಿಂದಲೇ ಬೇಕಾದಷ್ಟು ತಿಳಿಯುತ್ತದೆ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಹುಳು ಬರುತ್ತಿದ್ದರೆ ಒಳಗೆ ಸಾಮಾನ್ಯವಾಗಿ ಮರಿ ಇದೆ, ರಾಣಿ ಮೊಟ್ಟೆ ಇಡುತ್ತಿದ್ದಾಳೆ. ಅಡಿಮಣೆ ಮೇಲೆ ಕಪ್ಪು ಹಿಕ್ಕೆ, ಮೇಣದ ಪುಡಿ ಕಂಡರೆ ಎರಿ ತಿನ್ನುವ ಮೇಣದ ಹುಳು ಬಂದಿದೆ, ಹಳೇ ಎರಿ ತೆಗೆದು ಹಾಕಬೇಕು. ಸ್ಟ್ಯಾಂಡಿನ ಕಾಲಿಗೆ ಇಟ್ಟ ಬಟ್ಟಲಲ್ಲಿ ನೀರು ಒಣಗಿದರೆ ಆ ರಾತ್ರಿಯೇ ಇರುವೆ ಹತ್ತುತ್ತದೆ. ಇದನ್ನೆಲ್ಲ ನೋಡಲು ಮುಚ್ಚಳ ಎತ್ತಬೇಕಾಗಿಲ್ಲ.

ಸರಿ, ತುಪ್ಪ ತೆಗೆಯುವ ದಿನ. 1911ರಿಂದ 17ರ ಸುಮಾರಿಗೆ ತಿರುಚಿನಾಪಳ್ಳಿ ಕಡೆ ಇದ್ದ ಪಾದ್ರಿ ನ್ಯೂಟನ್ ನಮ್ಮ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆ ಮಾಡಿದರು, ಈಗಲೂ ಅದರ ಹೆಸರು ನ್ಯೂಟನ್ ಪೆಟ್ಟಿಗೆಯೇ. ಕೆಳಗೆ ಸಂಸಾರದ ಕೋಣೆ, ಮೇಲೆ ಜೇನಿನ ಕೋಣೆ. ಮೇಲಿನ ಎರಿಗಳನ್ನು ಮಾತ್ರ ತೆಗೆದು, ತುಪ್ಪ ಸಿಡಿಸಿ ತೆಗೆಯುವ ಯಂತ್ರದಲ್ಲಿಟ್ಟು ತಿರುಗಿಸಿದರೆ ಎರಿ ಉಳಿಯುತ್ತದೆ, ಮರಿಯೂ ಉಳಿಯುತ್ತದೆ. ಹಿಂಡುವ ಪ್ರಶ್ನೆಯೇ ಇಲ್ಲ. ಹೊಗೆಗೆ ನಾವು ಒಣ ಅಡಿಕೆ ಸಿಪ್ಪೆ ಹಾಕುತ್ತೇವೆ, ಅದೂ ಸ್ವಲ್ಪವೇ, ಜಾಸ್ತಿ ಊದಿದರೆ ತುಡುವೆ ಚೌಕಟ್ಟು ಬಿಟ್ಟು ಚೆಲ್ಲಾಪಿಲ್ಲಿಯಾಗಿ ಓಡುತ್ತದೆ. ಆವತ್ತು ಬೆಳಿಗ್ಗೆ ಬಾಳೆಹಣ್ಣು ತಿನ್ನುವುದಿಲ್ಲ. ಹುಳು ಕಚ್ಚಿದಾಗ ಬಿಡುವ ಎಚ್ಚರಿಕೆಯ ವಾಸನೆಗೂ ಬಾಳೆಹಣ್ಣಿನ ವಾಸನೆಗೂ ಹತ್ತಿರದ ಸಂಬಂಧ. ಎರಿಯನ್ನು ಯಾವಾಗಲೂ ನೆಟ್ಟಗೆ ಹಿಡಿಯಬೇಕು, ಅಡ್ಡ ಮಲಗಿಸಿದರೆ ಬೇಸಿಗೆಯ ಮೆತ್ತಗಿನ ಎರಿ ಕೈಯಲ್ಲೇ ಮುರಿಯುತ್ತದೆ. ಯಂತ್ರವನ್ನೂ ಮೊದಲು ನಿಧಾನಕ್ಕೆ ತಿರುಗಿಸಬೇಕು. ಇದನ್ನೆಲ್ಲ ಅಡುಗೆಮನೆಯ ಬಾಗಿಲು ಕಿಟಕಿ ಹಾಕಿಕೊಂಡು ಮಾಡಬೇಕು, ಹೊರಗೆ ಒಂದು ಹನಿ ಚೆಲ್ಲಿದರೂ ಊರಿನ ಜೇನೆಲ್ಲ ಬಂದು ಒಂದು ಪೆಟ್ಟಿಗೆಯವು ಇನ್ನೊಂದಕ್ಕೆ ನುಗ್ಗಿ ಕದಿಯಲು ಶುರು ಮಾಡುತ್ತವೆ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಏಪ್ರಿಲ್ ಸೆಖೆ ಹೇಗಿರುತ್ತದೆ ಅಂತ ತುಪ್ಪದ ರೇಟು ಜಾಸ್ತಿಯಾಯ್ತು ಅನ್ನುವವರು ಒಮ್ಮೆ ಬಂದು ನೋಡಬೇಕು.

ಮೇಣದ ಮುಚ್ಚಳ ಹಾಕಿದ ಎರಿ ಮಾತ್ರ ತೆಗೆಯುವುದು ನಮ್ಮ ರೂಢಿ. ಮುಚ್ಚಳ ಹಾಕದ್ದರಲ್ಲಿ ನೀರು ಜಾಸ್ತಿ. ಸರ್ಕಾರದ ಆಹಾರ ಗುಣಮಟ್ಟದ ಪ್ರಕಾರ ಜೇನುತುಪ್ಪದಲ್ಲಿ ನೀರಿನಂಶ ಶೇ. 20 ದಾಟಬಾರದು. ಮಲೆನಾಡಿನ ತುಡುವೆ ಜೇನು ಮೊದಲೇ ತೆಳು, ಅವಸರ ಮಾಡಿ ತೆಗೆದರೆ ಕೆಲವೇ ವಾರದಲ್ಲಿ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ತೆಳುವಾಗಿದೆ, ಬೆಲ್ಲದ ನೀರು ಸೇರಿಸಿದ್ದೀರಾ ಅಂತ ಕೇಳುವವರಿಗೆ ಈಗ ನಾನು ಉತ್ತರ ಕೊಡುವುದಿಲ್ಲ, ಸುಮ್ನೆ ಹಿತ್ತಿಲಿಗೆ ಕರೆದುಕೊಂಡು ಹೋಗಿ ಪೆಟ್ಟಿಗೆ ತೋರಿಸುತ್ತೇನೆ.

ಬೇಸಿಗೆಯಲ್ಲಿ ಇನ್ನೊಂದು ಕಾಟ ಹೆಜ್ಜೇನಿನ ಫೋನು. ಬೆಂಗಳೂರಿನ ಗೆಳತಿಗೆ ಇದು ನನಗಿಂತ ಜಾಸ್ತಿ. ಅಪಾರ್ಟ್‌ಮೆಂಟಿನ ಬಾಲ್ಕನಿ ಕೆಳಗೆ, ನೀರಿನ ಟ್ಯಾಂಕಿಗೆ ಹೆಜ್ಜೇನು ಕಟ್ಟಿದೆ, ನೀವು ಜೇನು ಸಾಕುವವರಲ್ವಾ, ಬಂದು ಪೆಟ್ಟಿಗೆಗೆ ತುಂಬಿಕೊಂಡು ಹೋಗಿ ಅಂತ. ಹೆಜ್ಜೇನು ಪೆಟ್ಟಿಗೆಯಲ್ಲಿ ಇರುವುದಿಲ್ಲ. ಬಯಲಿನಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಜಾತಿ ಅದು, ಹೂವು ಮುಗಿದ ಮೇಲೆ ತಾನೇ ಎದ್ದು ಹೋಗುತ್ತದೆ. ಮಕ್ಕಳು ಓಡಾಡುವ ಜಾಗವಾದರೆ ಗೊತ್ತಿದ್ದವರನ್ನು ಕರೆಸಬೇಕು, ದೂರ ಎತ್ತರದಲ್ಲಿದ್ದರೆ ಸ್ವಲ್ಪ ತಾಳಬೇಕು. ಅವಳು ತಾಳಿ ಅಂದರೆ ಜನ ಔಷಧಿ ಹೊಡೆಸುವವರಿಗೆ ಫೋನ್ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಕಾಂಪೌಂಡಿನಲ್ಲಿ ಬುಟ್ಟಿಗಟ್ಟಲೆ ಹುಳು ಸತ್ತು ಬಿದ್ದಿರುತ್ತವೆ.

ಮೇ ತಿಂಗಳಿನಲ್ಲಿ ಅಡ್ಡಮಳೆ ಶುರು. ಗುಡುಗು, ಗಾಳಿ, ಮುಚ್ಚಳದ ಮೇಲೆ ಕಲ್ಲು ಹೇರುವುದು, ತೆಂಗಿನ ಮರದ ಕೆಳಗಿದ್ದ ಪೆಟ್ಟಿಗೆಯನ್ನು ಕತ್ತಲಾದ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸುವುದು. ಜೋರು ಮಳೆ ಬಿದ್ದರೆ ಹೂವಿನ ಸಿಹಿ ತೊಳೆದು ಹೋಗುತ್ತದೆ, ಆ ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು. ಮೇ 20 ವಿಶ್ವ ಜೇನು ದಿನವಂತೆ, 2018ರಿಂದ ಆಚರಿಸುತ್ತಾರೆ. ನಮಗೆ ಅದು ಮಳೆಗಾಲದ ತಯಾರಿಯ ದಿನ, ಬಾಗಿಲನ್ನು ಗಾಳಿ ಬೀಸುವ ದಿಕ್ಕಿನಿಂದ ತಪ್ಪಿಸಿ ತಿರುಗಿಸುವುದು, ಖಾಲಿ ಎರಿ ಒಳಗೆ ತೆಗೆದಿಡುವುದು.

ಕೊನೆಯ ಸುತ್ತಿನ ತುಪ್ಪ ತೆಗೆಯಬೇಕೋ ಬಿಡಬೇಕೋ ಅನ್ನುವುದರಲ್ಲಿ ನಮ್ಮೊಳಗೇ ಪ್ರತಿ ವರ್ಷ ಜಗಳ. ಪೂರ್ತಿ ತೆಗೆದು, ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಟ್ಟರಾಯಿತು ಅನ್ನುವವರೇ ಜಾಸ್ತಿ. ನನಗೆ ಆ ಲೆಕ್ಕ ಸರಿ ಅನ್ನಿಸುವುದಿಲ್ಲ. ಜೂನ್, ಜುಲೈನಲ್ಲಿ ದಿನಗಟ್ಟಲೆ ಹುಳು ಹೊರಗೆ ಬರಲಾಗದೆ ಕೂತಿರುತ್ತದೆ, ಆಗ ಅಂತಲೇ ಅವು ಕೂಡಿಟ್ಟದ್ದು ಅದು. ಪಾಕ ಕೊಡಲೇಬೇಕಾದ ಬಡ ಜೇನು ಕುಟುಂಬ ಒಂದೆರಡು ಇದ್ದೇ ಇರುತ್ತವೆ, ಅವಕ್ಕೆ ಸಂಜೆ ಹೊತ್ತು ಕೊಡೋಣ, ಚೆನ್ನಾಗಿರುವುದನ್ನೂ ನಾವೇ ಬಡವಾಗಿಸುವುದು ಯಾಕೆ? ಈ ಸಲ ನನ್ನ ಮಾತು ನಡೆಯಿತು, ಏಪ್ರಿಲ್ ಆದ ಮೇಲೆ ಯಂತ್ರ ಇಳಿಸಲಿಲ್ಲ. ಬಾಟಲಿ ಕೊಟ್ಟು ಹೋಗಿದ್ದ ನೆಂಟರಿಗೆ ಖಾಲಿ ಬಾಟಲಿಯನ್ನೇ ವಾಪಸ್ ಕಳಿಸಿದ್ದೇವೆ. ಅವರಿಗೆ ಸ್ವಲ್ಪ ಸಿಟ್ಟು ಬಂದಿದೆ, ಹಲಸಿನ ಹಪ್ಪಳ ಕಳಿಸಿ ಸರಿ ಮಾಡಬೇಕು.