ಚಪ್ಪಲಿಗೆ ಮೆತ್ತಿದ ಕುಮಾರ್‌ಟುಲಿ

ಕೋಲ್ಕತ್ತಕ್ಕೆ ಹೋದದ್ದು ಆಫೀಸ್ ಕೆಲಸಕ್ಕೆ. ಕೆಲಸ ಮುಗಿದ ಮೇಲೆ ಒಂದು ಇಡೀ ದಿನ ಖಾಲಿ ಸಿಕ್ಕಿತು, ವಿಮಾನ ಇದ್ದದ್ದು ರಾತ್ರಿಗೆ. ವಿಕ್ಟೋರಿಯಾ ಮೆಮೋರಿಯಲ್ ನೋಡಿ ಅಂತ ಎಲ್ಲರೂ ಹೇಳಿದರು. ನನಗೆ ಮಾತ್ರ ಹೌರಾ ಸೇತುವೆಯಿಂದ ಬಾಗ್‌ಬಜಾರ್‌ವರೆಗೆ ಗಂಗೆಯ ಕವಲಾದ ಹೂಗ್ಲಿ ನದಿ ದಂಡೆಯಲ್ಲಿರುವ ಹಳೇ ಊರನ್ನು ನಡೆದು ನೋಡುವ ಆಸೆ. ದೂರ ನಾಲ್ಕು ಕಿ.ಮೀ. ಇರಬಹುದು ಅಷ್ಟೇ. ಬೆಳಗಿನಿಂದ ಸಂಜೆವರೆಗೆ ಹಿಡಿಯಿತು.

ಆರು ಗಂಟೆಗೆಲ್ಲ ಸೇತುವೆ ಬುಡದ ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್‌ನಲ್ಲಿದ್ದೆ. ಸೆಪ್ಟೆಂಬರ್ ಮೊದಲ ವಾರ, ರಾತ್ರಿಯೆಲ್ಲ ಮಳೆ ಬಂದಿತ್ತು. ಕಾಲಡಿ ನೀರು, ಎಲೆ, ಕೊಳೆತ ಹೂವು ಎಲ್ಲ ಸೇರಿ ರಾಡಿ. ನಮ್ಮ ಕೆ.ಆರ್. ಮಾರ್ಕೆಟ್ ನೆನಪಾಯಿತು, ಆದರೆ ಇಲ್ಲಿ ಮೊಳದ ಲೆಕ್ಕ ಇಲ್ಲ. ಚೆಂಡು ಹೂವಿನ ಹಾರಗಳನ್ನು ಹಗ್ಗದ ಹೊರೆ ಥರ ಹೆಗಲ ಮೇಲೆ ಹೊತ್ತು ನಿಂತಿರುತ್ತಾರೆ, ಕೊಂಡರೆ ಕಟ್ಟು ಕಟ್ಟೇ ಕೊಳ್ಳಬೇಕು. ಕಾಳಿಗೆ ಅಂತ 108 ಕೆಂಪು ದಾಸವಾಳ ಪೋಣಿಸಿದ ಹಾರ ಬೇರೆ. ದಾರಿ ನಡುವೆ ಫೋಟೋ ತೆಗೆಯೋಕೆ ನಿಂತೆ ನೋಡಿ, ಹಿಂದಿನಿಂದ ಬುಟ್ಟಿ ಹೊತ್ತವನೊಬ್ಬ ಬೈದುಕೊಂಡೇ ಪಕ್ಕಕ್ಕೆ ತಳ್ಳಿ ಹೋದ. ತಪ್ಪು ನನ್ನದೇ.

ಅಲ್ಲಿಂದ ಸೇತುವೆ ಹತ್ತಿದೆ. 1943ರಲ್ಲಿ ಸಂಚಾರಕ್ಕೆ ತೆರೆದದ್ದು, 26,500 ಟನ್ ಉಕ್ಕು, ನದಿ ನಡುವೆ ಒಂದೇ ಒಂದು ಕಂಬ ಇಲ್ಲ. ನಟ್ಟು ಬೋಲ್ಟು ಕೂಡ ಇಲ್ಲ, ಎಲ್ಲ ರಿವೆಟ್ ಹೊಡೆದು ಕೂಡಿಸಿದ್ದಾರೆ. ಇಷ್ಟು ಗಟ್ಟಿ ಆಸಾಮಿಗೆ ತೊಂದರೆ ಕೊಟ್ಟದ್ದು ಎಲೆಯಡಿಕೆ ಉಗುಳು! ಪಾನ್ ಜಗಿದು ಉಗಿದೂ ಉಗಿದೂ ಸೇತುವೆ ಮೇಲಿನ ತೂಗುಕಂಬಗಳ ಬುಡದ ಉಕ್ಕೇ ಸವೆಯಿತು, ಕೊನೆಗೆ ಫೈಬರ್‌ಗ್ಲಾಸ್ ಕವಚ ತೊಡಿಸಬೇಕಾಯಿತು. ಮೇಲಿಂದ ನದಿ ನೋಡಿದೆ. ಕಂದು ನೀರು, ಅದರ ಮೇಲೆ ಅಂತರಗಂಗೆಯ ಗೊಂಚಲುಗಳು ದಕ್ಷಿಣಕ್ಕೆ, ಸಮುದ್ರದ ಕಡೆಗೆ ತೇಲಿ ಹೋಗುತ್ತಿದ್ದವು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ದಂಡೆಗುಂಟ ಉತ್ತರಕ್ಕೆ ನಡೆದರೆ ಒಂದು ಪಕ್ಕ ಗೋದಾಮುಗಳು, ಇನ್ನೊಂದು ಪಕ್ಕ ಘಾಟ್‌ಗಳು, ನಡುವೆ ಸರ್ಕ್ಯುಲರ್ ರೈಲಿನ ಹಳಿ. ನದಿಗೆ ಇಳಿಯಬೇಕು ಅಂದರೆ ಹಳಿ ದಾಟಲೇಬೇಕು. ಜನ ಸ್ನಾನ ಮುಗಿಸಿ ಒದ್ದೆ ಬಟ್ಟೆಯಲ್ಲೇ ಹಳಿ ದಾಟಿ ಮನೆಗೆ ಹೋಗುತ್ತಿದ್ದರು. ನಿಮ್ತಲಾ ಸ್ಮಶಾನದ ಮುಂದೆ ಸುಮ್ನೆ ಒಂದು ನಿಮಿಷ ನಿಂತೆ. 1941ರಲ್ಲಿ ರವೀಂದ್ರನಾಥ ಟ್ಯಾಗೋರರ ಅಂತ್ಯಕ್ರಿಯೆ ನಡೆದದ್ದು ಇಲ್ಲೇ.

ಅಹಿರಿಟೋಲಾ ಘಾಟ್‌ನಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಬಾಗ್‌ಬಜಾರ್‌ಗೆ ಲಾಂಚ್‌ನಲ್ಲಿ ಹೋಗೋಣ ಅಂತ, ಬಂದು ನಿಂತದ್ದನ್ನು ಹತ್ತಿ ಕುಳಿತೆ. ಅದು ಸೀದಾ ಎದುರು ದಡದ ಬಾಂಧಾಘಾಟ್‌ಗೆ ಹೋಯಿತು! ಅಲ್ಲಿ ಇಳಿದು, ಮಣ್ಣಿನ ಕುಡಿಕೆಯಲ್ಲಿ ಒಂದು ಟೀ ಕುಡಿದು (ಅಲ್ಲಿ ಅದಕ್ಕೆ ಭಾಂಡ್ ಅಂತಾರೆ), ಮತ್ತೆ ಅದೇ ಲಾಂಚ್ ಹಿಡಿದು ವಾಪಸ್. ಹೋದದ್ದು ಒಂದು ಗಂಟೆ. ನದಿ ಮಧ್ಯದಿಂದ ಆ ಹಳೇ ದಂಡೆ ಇಡಿಯಾಗಿ ಕಂಡಿತಲ್ಲ, ಅದೇ ಲಾಭ ಅಂದುಕೊಂಡು, ಇನ್ನು ಲಾಂಚ್ ಸಹವಾಸ ಬೇಡ ಅಂತ ನಡೆದೇ ಹೊರಟೆ.

ಈ ಭಾಗ ಹಿಂದೆ ಸುತಾನುಟಿ ಅನ್ನುವ ಹಳ್ಳಿ. ನೂಲಿನ ವ್ಯಾಪಾರದಿಂದ ಬಂದ ಹೆಸರು. ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ 1690ರ ಆಗಸ್ಟ್ 24ರಂದು ಬಂದಿಳಿದದ್ದು ಇಲ್ಲಿಗೆ. ಆ ದಿನವನ್ನೇ ಊರಿನ ಹುಟ್ಟುಹಬ್ಬ ಅಂತ ಆಚರಿಸುತ್ತಿದ್ದರು. ಅವನೇನೂ ಊರು ಕಟ್ಟಿದವನಲ್ಲ ಅಂತ 2003ರಲ್ಲಿ ಹೈಕೋರ್ಟ್ ಹೇಳಿತು. ಸರಿಯೇ ಅಲ್ವಾ? ಸಂತೆ ನಡೀತಾ ಇದ್ದ ಕಡೆ ಬಂದವನು ಊರು ಕಟ್ಟಿದವನು ಹೇಗಾಗುತ್ತಾನೆ.

ಶೋಭಾಬಜಾರ್ ರಾಜಬಾಡಿ, ಅಂದರೆ ಅರಮನೆ, ಇಲ್ಲೇ ಹತ್ತಿರ. ಪ್ಲಾಸಿ ಕದನ ಮುಗಿದ ವರ್ಷವೇ, 1757ರಲ್ಲಿ, ನವಕೃಷ್ಣ ದೇವ್ ಇಲ್ಲಿ ದುರ್ಗಾಪೂಜೆ ಶುರು ಮಾಡಿದ. ಕ್ಲೈವ್‌ಗೂ ಕರೆ ಹೋಗಿತ್ತಂತೆ. ದೇವರ ಹಬ್ಬವೋ, ಗೆದ್ದವರ ಜೊತೆ ಊಟವೋ, ಬಿಡಿ. ನನಗೆ ಇಷ್ಟವಾದದ್ದು ಬೇರೆ. ವಿಜಯದಶಮಿ ದಿನ ಈ ಮನೆಯವರು ನೀಲಕಂಠ ಹಕ್ಕಿ ಹಾರಿಸುತ್ತಿದ್ದರು. ಮಗಳು ದುರ್ಗೆ ತವರಿನಿಂದ ಹೊರಟಳು ಅಂತ ಹಕ್ಕಿ ಕೈಲಾಸಕ್ಕೆ ಹೋಗಿ ಶಿವನಿಗೆ ಸುದ್ದಿ ಮುಟ್ಟಿಸಬೇಕು. ಈಗ ಹಕ್ಕಿ ಹಿಡಿಯುವ ಹಾಗಿಲ್ಲ, ಕಾನೂನು ಇದೆ. ಹಾಗಾಗಿ ಮಣ್ಣಿನ ಹಕ್ಕಿ ಮಾಡಿಸುತ್ತಾರೆ. ನೀಲಕಂಠ ನಮ್ಮ ರಾಜ್ಯದ ಪಕ್ಷಿ ಕೂಡ ಹೌದು, ಅಷ್ಟು ದೂರದಲ್ಲಿ ಅದರ ಹೆಸರು ಕೇಳಿ ಖುಷಿಯಾಯಿತು.

ಇನ್ನು ಕುಮಾರ್‌ಟುಲಿ. ಮೂರ್ತಿ ಮಾಡುವ ಕುಂಬಾರರ ಕೇರಿ. ಈ ದಿನವೆಲ್ಲ ನಾನು ಕಾದಿದ್ದು ಇದಕ್ಕೇ. ಬನಮಾಲಿ ಸರ್ಕಾರ್ ಬೀದಿಗೆ ತಿರುಗಿದೆನೋ ಇಲ್ಲವೋ, ಎರಡೂ ಕಡೆ ತಲೆಯಿಲ್ಲದ ದುರ್ಗೆಯರು ಹತ್ತು ಕೈ ಚಾಚಿ ನಿಂತಿದ್ದರು. ಕೆಲವಕ್ಕೆ ಇನ್ನೂ ಮಣ್ಣೇ ಇಲ್ಲ, ಬಿದಿರಿನ ಚೌಕಟ್ಟಿಗೆ ಸೆಣಬಿನ ದಾರದಲ್ಲಿ ಬಿಗಿದ ಬರೀ ಹುಲ್ಲಿನ ಮೈ, ಆದರೂ ಸೊಂಟದ ಬಾಗು, ಎತ್ತಿದ ಕಾಲು ನೋಡಿದರೆ ಇದು ದೇವಿ, ಅದು ಅಸುರ, ಅಲ್ಲಿರುವುದು ಸಿಂಹ ಅಂತ ಗೊತ್ತಾಗಿಬಿಡುತ್ತಿತ್ತು. ಗಲ್ಲಿ ಎಷ್ಟು ಇಕ್ಕಟ್ಟು ಅಂದರೆ, ಮೂರ್ತಿ ಹೊತ್ತವರು ಬಂದರೆ ನಾವು ಯಾರದೋ ಶೆಡ್ಡಿನ ಒಳಗೆ ಸರಿಯಬೇಕು.

ಹಾಗೆ ಸರಿದದ್ದು ಒಬ್ಬ ಮುದುಕರ ಶೆಡ್ಡಿಗೆ. "ದಾದಾ, ನೋಡಬಹುದಾ?" ಅಂತ ಹಿಂದಿಯಲ್ಲಿ ಕೇಳಿದೆ. ಬಂಗಾಳಿಯಲ್ಲಿ ದಾದಾ ಅಂದರೆ ಅಣ್ಣ. ಅಪರಿಚಿತರನ್ನೆಲ್ಲ ದಾದಾ ಅಂತ ಕರೆಯುವಾಗ, ನಮ್ಮ ಕಡೆ ದಾದಾ ಅಂದರೆ ರೌಡಿ ಅನ್ನುವುದು ತಲೆಗೆ ಬಂದು ನಗು ತಡೆಯಬೇಕಾಗುತ್ತಿತ್ತು. ಬೆಂಗಳೂರು ಅಂದದ್ದೇ ತಡ, ತಮ್ಮ ಅಣ್ಣನ ಮಗ ಪ್ರತಿ ವರ್ಷ ದುರ್ಗೆ ಮಾಡೋಕೆ ಅಲ್ಲಿಗೇ ಹೋಗುತ್ತಾನೆ ಅಂತ ಹೇಳಿ ಸ್ಟೂಲ್ ಕೊಟ್ಟರು. ಎರಡು ಥರದ ಮಣ್ಣು ತೋರಿಸಿದರು. ಒಂದು ಅಂಟು ಮಣ್ಣು, ಅದಕ್ಕೆ ಭತ್ತದ ಹೊಟ್ಟು ಕಲಸಿ ಹುಲ್ಲಿನ ಮೇಲೆ ಮೆತ್ತುತ್ತಾರೆ. ಇನ್ನೊಂದು ಮರಳು ಮರಳಾದ ನಯ ಮಣ್ಣು, ಮೇಲಿನ ಲೇಪಕ್ಕೆ. ಎಲ್ಲ ನದಿ ಮಣ್ಣೇ, ಉಲುಬೇರಿಯಾ ಕಡೆಯಿಂದ ದೋಣಿಯಲ್ಲಿ ಬರುತ್ತದೆ. ಒಣಗುವಾಗ ಬಿರುಕು ಬಿಟ್ಟರೆ ಮಣ್ಣಲ್ಲಿ ಅದ್ದಿದ ಬಟ್ಟೆ ಚೂರು ಅಂಟಿಸುತ್ತಾರೆ. ಬೆರಳು, ಮುಖ ಬೇರೆಯಾಗಿ ಮಾಡಿ ಆಮೇಲೆ ಸೇರಿಸುವುದು. ಮಳೆಯಲ್ಲಿ ಒಣಗೋದು ಹೇಗೆ ಅಂದೆ. ಪಕ್ಕದ ಹುಡುಗ ಬ್ಲೋ ಲ್ಯಾಂಪ್ ಹಚ್ಚಿ ಸರಸ್ವತಿಯ ಬೆನ್ನಿಗೆ ಬೆಂಕಿ ಹಿಡಿದು ತೋರಿಸಿದ.

ಕಣ್ಣು ಕೊನೆಗೆ. ಮಹಾಲಯ ಅಮಾವಾಸ್ಯೆ ದಿನ ಕಣ್ಣು ಬರೆಯುವುದು ಪದ್ಧತಿ. ಮೂರ್ತಿಯ ಮಣ್ಣಿಗೆ ವೇಶ್ಯೆಯರ ಮನೆ ಬಾಗಿಲ ಮಣ್ಣು ಒಂದು ಹಿಡಿ ಸೇರಬೇಕು ಅನ್ನುವ ಸಂಪ್ರದಾಯವೂ ಇದೆ, ಅವರ ಕೇರಿ ಸೋನಾಗಾಛಿ ಇಲ್ಲಿಂದ ಕೂಗಳತೆ ದೂರ. ಯಾಕೆ ಅಂದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ವರ್ಷಕ್ಕೊಮ್ಮೆ ಬಾಗಿಲ ಮಣ್ಣು ಬೇಕು, ಉಳಿದ ದಿನ ಆ ಬಾಗಿಲ ಕಡೆ ಮುಖ ತಿರುಗಿಸೋದು, ಇದು ನನಗೆ ಅಷ್ಟು ಹಿಡಿಸಲಿಲ್ಲ.

"ಇಷ್ಟೆಲ್ಲ ಮಾಡಿ ಐದು ದಿನಕ್ಕೆ ನೀರಿಗೆ ಹಾಕ್ತಾರಲ್ಲ, ಬೇಜಾರಾಗಲ್ವಾ?" ಅಂದೆ. ಅವರು ಮೂಲೆಯಲ್ಲಿದ್ದ ಕಪ್ಪಗಾದ ಬಿದಿರಿನ ಚೌಕಟ್ಟು ತೋರಿಸಿದರು. ಅದು ಕಳೆದ ವರ್ಷದ್ದು. ನದಿಯಿಂದ ಎತ್ತಿಕೊಂಡು ಬಂದು ಮಾರುವವರಿದ್ದಾರೆ, ಅದಕ್ಕೇ ಮತ್ತೆ ಹುಲ್ಲು ಕಟ್ಟುತ್ತಾರಂತೆ. ನಾನು ಕೇಳಿದ್ದಕ್ಕೆ ಉತ್ತರ ಮಾತ್ರ ಬರಲಿಲ್ಲ.

ಬಾಗ್‌ಬಜಾರ್ ತಲುಪುವಾಗ ನಾಲ್ಕೂವರೆ. ರಸಗುಲ್ಲ ಮೊದಲು ಮಾಡಿದ್ದು ಇವರೇ ಅಂತ ಬಂಗಾಳಿಗಳು ಹೇಳುವ ನವೀನ್‌ಚಂದ್ರ ದಾಸ್ ಇದೇ ಬಾಗ್‌ಬಜಾರ್‌ನವರು. ಒಡಿಶಾದವರ ಮುಂದೆ ಈ ಮಾತು ಎತ್ತಬೇಡಿ, 2017ರಲ್ಲಿ ಬಂಗಾಳಕ್ಕೂ 2019ರಲ್ಲಿ ಒಡಿಶಾಕ್ಕೂ ಬೇರೆ ಬೇರೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ನಾನು ನಾಲ್ಕು ತಿಂದೆ, ಅಷ್ಟು ಸಾಕು.

ಘಾಟ್ ಮೆಟ್ಟಿಲ ಮೇಲೆ ಕೂತು ಲಾಂಚ್ ಕಾಯುವಾಗ ನೀರಿನ ಕಡೆ ನೋಡಿದರೆ ಏನೋ ಸರಿಯಿಲ್ಲ. ಅಂತರಗಂಗೆ ಉತ್ತರಕ್ಕೆ ತೇಲುತ್ತಿದೆ! ಬೆಳಗ್ಗೆ ಸಮುದ್ರದ ಕಡೆ ಹೊರಟಿದ್ದ ನದಿ ಈಗ ವಾಪಸ್ ಬರುತ್ತಿದೆ. ಸಮುದ್ರ ನೂರು ಕಿ.ಮೀ.ಗೂ ಆಚೆ ಇದೆ, ಆದರೂ ಭರತ ಬಂದಾಗ ಹೂಗ್ಲಿ ಹೀಗೆ ಹಿಂದಕ್ಕೆ ಹರಿಯುತ್ತದೆ. ನಾನು ಶಿವಮೊಗ್ಗದವನು. ತುಂಗೆ ಏರಿದಾಗ ಕೋರ್ಪಲಯ್ಯನ ಮಂಟಪ ಮುಳುಗಿತಾ ಅಂತ ನೋಡಿಕೊಂಡು ಬೆಳೆದವನು. ನದಿ ಏರುವುದು ಇಳಿಯುವುದು ಗೊತ್ತು, ತಿರುಗಿ ಬರುವುದು ಗೊತ್ತಿರಲಿಲ್ಲ. ಎರಡು ಲಾಂಚ್ ಬಿಟ್ಟು ಕುಳಿತೆ.

ಮನೆಗೆ ಬಂದಾಗ ಅಮ್ಮ ಮೊದಲು ನೋಡಿದ್ದು ಚಪ್ಪಲಿಯನ್ನೇ. "ಏನೋ ಇದು, ಗದ್ದೆಗೆ ಹೋಗಿದ್ದೆಯೇನೋ?"

"ಗಂಗೆ ಮಣ್ಣಮ್ಮ ಅದು. ತುಳಸಿ ಕಟ್ಟೆಗೆ ಹಾಕು."

"ಗಂಗೆ ಮಣ್ಣೇ ಇರಲಿ, ಚಪ್ಪಲಿಗೆ ಮೆತ್ತಿದ್ದನ್ನ ತುಳಸಿಗೆ ಹಾಕ್ತಾರೇನೋ" ಅಂತ ಬೈದು, ಕಡ್ಡಿಯಲ್ಲಿ ಕೆರೆದು ಕರಿಬೇವಿನ ಗಿಡದ ಬುಡಕ್ಕೆ ಹಾಕಿದರು.