ಹತ್ತಕ್ಕೆ ಎಷ್ಟು ಅಂತ ಕೇಳುವವರಿಗೆ

"ಅಕ್ಕಾ, ಈ ಗೇಮ್‌ಗೆ ಹತ್ತಕ್ಕೆ ಎಷ್ಟು ಕೊಡ್ತೀರಾ?" ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಗೇಮ್‌ಗಳ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ನನಗೆ ಜಾಸ್ತಿ ಬಂದ ಪ್ರಶ್ನೆ ಇದೇ. ಶಿವಮೊಗ್ಗದ ಕಾಲೇಜು ಹುಡುಗರು ಕೇಳುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಮೆಸೇಜ್ ಬರುತ್ತದೆ. ಮಗಳಿಗೆ ಡಿಸ್ಕ್ ಕೊಡಿಸಬೇಕು ಅಂತಿರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹೊಸ ದೊಡ್ಡ ಗೇಮ್ ಅಂದರೆ ನಾಲ್ಕೈದು ಸಾವಿರ ರೂಪಾಯಿ. ಅಷ್ಟು ದುಡ್ಡು ಹಾಕುವ ಮುಂಚೆ ಒಂದು ಅಂಕ ಗೊತ್ತಿದ್ದರೆ ಧೈರ್ಯ, ಅಲ್ವಾ?

ಆದರೂ ನಾನು ಅಂಕ ಕೊಡುವುದಿಲ್ಲ. ಕೇಳಿದವರಿಗೆ ತಿರುಗಿ ಕೇಳುತ್ತೇನೆ: ಮನೆ ಎಲ್ಲಿ? ಕರೆಂಟ್ ಹೇಗೆ? ನೆಟ್ ಹೇಗೆ? ಟಿವಿ ನಿಮ್ಮೊಬ್ಬರದೋ, ಎಲ್ಲರದೋ? ಕೆಲವರಿಗೆ ಇದು ಸುಮ್ನೆ ಮಾತು ಹಾರಿಸುವ ಹಾಗೆ ಕಾಣುತ್ತದೆ. ಯಾಕೆ ಹಾಗಲ್ಲ ಅಂತ ಇಲ್ಲಿ ಒಂದಿಷ್ಟು ಗೇಮ್ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಡೆತ್ ಸ್ಟ್ರ್ಯಾಂಡಿಂಗ್. 2019ರಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ 4 ಕನ್ಸೋಲಿಗೆ ಬಂತು. ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ಒಂದು ಗೇಮಿಗೆ ನಾಲ್ಕು ಜನ ತಲಾ ಹತ್ತಕ್ಕೆ ಅಂಕ ಕೊಡುತ್ತಾರೆ. ಅಲ್ಲಿ ಇದಕ್ಕೆ 40ಕ್ಕೆ 40. ಅದೇ ಗೇಮಿಗೆ ಅಮೆರಿಕದ ಗೇಮ್ ರಿವ್ಯೂ ವೆಬ್‌ಸೈಟ್ ಐಜಿಎನ್ ಕೊಟ್ಟಿದ್ದು ಹತ್ತಕ್ಕೆ 6.8. ಈಗ ತಗೊಳ್ಳೋದಾ, ಬಿಡೋದಾ? ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಅಂಕ ಯಾರ ಅಭಿಪ್ರಾಯವೂ ಆಗಿರುವುದಿಲ್ಲ.

ಈ ಗೇಮ್‌ನಲ್ಲಿ ನಿಮ್ಮ ಕೆಲಸ ಹೊರೆ ಹೊರುವುದು. ಬೆನ್ನ ಮೇಲೆ ಪೆಟ್ಟಿಗೆ ಪೇರಿಸಿಕೊಂಡು ಗುಡ್ಡ ಹತ್ತಬೇಕು, ಹೊಳೆ ದಾಟಬೇಕು. ಭಾರ ಒಂದು ಕಡೆ ವಾಲಿದರೆ ಕೈಲಿರುವ ಕಂಟ್ರೋಲರ್‌ನ ಎಡ ಬಲದ ಟ್ರಿಗರ್ ಬಟನ್ ಒತ್ತಿ ಸಂಭಾಳಿಸಬೇಕು. ಹೊಳೆ ಆಳ ಇದ್ದರೆ ನೀವೂ ಕೊಚ್ಚಿ ಹೋಗುತ್ತೀರಿ, ಪೆಟ್ಟಿಗೆಗಳೂ ತೇಲಿ ಹೋಗುತ್ತವೆ. ಮಳೆ ಬಂದರೆ ಪೆಟ್ಟಿಗೆಗಳು ಹಾಳಾಗುತ್ತಾ ಹೋಗುತ್ತವೆ. ಬೋರು ಅಂದವರಿಗೆ ಬೋರಾಗಿದ್ದು ಇದೇ. ಆದರೆ ಮಳೆಗಾಲದಲ್ಲಿ ಸೊಪ್ಪಿನ ಹೊರೆ ಹೊತ್ತು ಜಾರುವ ದರೆ ಇಳಿದವರಿಗೆ ಕಾಲು ಎಲ್ಲಿಡಬೇಕು ಅನ್ನುವ ಯೋಚನೆಯೇ ಒಂದು ಪೂರ್ತಿ ಕೆಲಸ ಅಂತ ಗೊತ್ತು. ಆ ಯೋಚನೆಯನ್ನೇ ಆಟ ಮಾಡಿದ್ದಾರೆ. ನಡೆಯುವುದನ್ನು ಇಷ್ಟು ಗಮನವಿಟ್ಟು ಮಾಡಿದ ಬೇರೆ ದೊಡ್ಡ ಗೇಮ್ ನಾನು ಆಡಿಲ್ಲ. ಕಥೆ ಮಾತ್ರ ಗೋಜಲು. ಕೊನೆಯಲ್ಲಂತೂ ಕಂಟ್ರೋಲರ್ ಪಕ್ಕಕ್ಕಿಟ್ಟು ಮಾತು ಕೇಳುತ್ತಾ ಕೂರಬೇಕು. ನಡಿಗೆಗೋಸ್ಕರ ತಗೊಳ್ಳಿ, ಕಥೆಗೋಸ್ಕರ ಬೇಡ. ಇದಕ್ಕೆ ಯಾವ ಅಂಕ ಹಾಕಲಿ?

ಇನ್ನು ಕರೆಂಟ್. ನಮ್ಮ ಕಡೆ ಜೂನ್ ಬಂತು ಅಂದರೆ ಗಾಳಿಗೆ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಪೇಟೆಯಲ್ಲಾದರೆ ಬೇಗ ಬರುತ್ತದೆ. ಆಗುಂಬೆ ಕಡೆಯ ಒಂಟಿ ಮನೆಗಳಲ್ಲಿ ದಿನಗಟ್ಟಲೆ ಕಾಯಬೇಕಾಗಬಹುದು. ಗೇಮ್ ಹೇಗಿದೆ ಅನ್ನುವ ಮಾತಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ತುಂಬಾ ಸಂಬಂಧ ಇದೆ. ಆಟ ಎಲ್ಲಿ ಸೇವ್ ಆಗಬೇಕು, ಅಂದರೆ ಆಡಿದ್ದು ಎಲ್ಲಿವರೆಗೆ ಉಳಿಯಬೇಕು ಅನ್ನುವುದು ಗೇಮ್ ಮಾಡಿದವರ ತೀರ್ಮಾನ. ನಿಮ್ಮ ಅರ್ಧ ಗಂಟೆಗೆ ಅವರು ಎಷ್ಟು ಬೆಲೆ ಕೊಟ್ಟಿದ್ದಾರೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಕರೆಂಟ್ ಹೋಗದ ಊರಲ್ಲಿ ಕೂತು ರಿವ್ಯೂ ಬರೆಯುವವರಿಗೆ ಇದನ್ನು ಪರೀಕ್ಷೆ ಮಾಡುವ ಸಂದರ್ಭವೇ ಬರುವುದಿಲ್ಲ.

ರಿಟರ್ನಲ್ ನೋಡಿ. ಫಿನ್ಲೆಂಡಿನ ಹೌಸ್‌ಮಾರ್ಕ್ ಮಾಡಿದ್ದು, 2021ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಸತ್ತರೆ ಮತ್ತೆ ಮೊದಲಿಂದ. ಒಂದು ಸುತ್ತು ಎರಡು ಗಂಟೆ ಎಳೆಯುವುದು ಇದರಲ್ಲಿ ಮಾಮೂಲು. ಬಿಡುಗಡೆಯಾದಾಗ ಸುತ್ತಿನ ಮಧ್ಯೆ ಸೇವ್ ಅನ್ನುವುದೇ ಇರಲಿಲ್ಲ. ಜನ ತುಂಬಾ ಕೇಳಿದ ಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಮಧ್ಯೆ ನಿಲ್ಲಿಸಿಡುವ ಸೌಲಭ್ಯ ಕೊಟ್ಟರು. ಆದರೆ ಅದನ್ನು ನೀವೇ ಆರಿಸಿ ಗೇಮ್ ಮುಚ್ಚಬೇಕು. ಮತ್ತೆ ಶುರು ಮಾಡಿದ ಕೂಡಲೇ ನಿಲ್ಲಿಸಿಟ್ಟ ಆ ಗುರುತು ಅಳಿಸಿಹೋಗುತ್ತದೆ. ಕರೆಂಟ್ ಹೇಳಿ ಹೋಗುವುದಿಲ್ಲವಲ್ಲ! ಇಷ್ಟಾದರೂ ರಿಟರ್ನಲ್ ನನಗೆ ತುಂಬಾ ಇಷ್ಟ. ಗುಂಡುಗಳ ನಡುವೆ ನುಸುಳಿ ಓಡುವ ವೇಗ, ಮಳೆ ಹನಿ ಬೀಳುವುದು ಕಂಟ್ರೋಲರ್ ಹಿಡಿದ ಅಂಗೈಗೆ ಗೊತ್ತಾಗುವುದು, ಎರಡೂ ಅದ್ಭುತ. ಇನ್ವರ್ಟರ್ ಇಲ್ಲದ ಮನೆಯವರು ಮಳೆಗಾಲ ಮುಗಿದ ಮೇಲೆ ಆಡಿ.

ಎಲ್ಡನ್ ರಿಂಗ್ ಬಗ್ಗೆ ಎಲ್ಲರಿಗೂ ಭಯ. 2022ರ ಗೇಮ್. ಕಷ್ಟ ಅಂತಲೇ ಹೆಸರು. ಆದರೆ ಕರೆಂಟ್ ವಿಷಯದಲ್ಲಿ ಇಷ್ಟು ಕರುಣೆ ಇರುವ ದೊಡ್ಡ ಗೇಮ್ ಸಿಗುವುದು ಕಷ್ಟ. ನೀವು ಕೇಳದೆಯೇ ಮತ್ತೆ ಮತ್ತೆ ಸೇವ್ ಆಗುತ್ತಿರುತ್ತದೆ. ಕರೆಂಟ್ ಬಂದ ಮೇಲೆ ತೆರೆದರೆ ಹೆಚ್ಚುಕಡಿಮೆ ನಿಂತ ಜಾಗದಲ್ಲೇ ಇರುತ್ತೀರಿ. ಬಾಸ್ ಅನ್ನುವ ದೊಡ್ಡ ಶತ್ರು ಜೊತೆ ಹೊಡೆದಾಡುತ್ತಿದ್ದರೆ ಆ ಹೊಡೆದಾಟ ಮಾತ್ರ ಮೊದಲಿಂದ. ತೊಂದರೆ ಬೇರೆ ಕಡೆ ಇದೆ: ಇದಕ್ಕೆ ಆಟ ಮಧ್ಯೆ ನಿಲ್ಲಿಸಿಡುವ ಪಾಜ್ ಬಟನ್ ಇಲ್ಲ. ಅಮ್ಮ ಕರೆದರೂ, ಗ್ಯಾಸ್ ಸಿಲಿಂಡರ್ ಬಂದರೂ ಶತ್ರು ನಿಲ್ಲುವುದಿಲ್ಲ. ಕೂಡು ಕುಟುಂಬದ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ರಾತ್ರಿ ಊಟ ಆಗಿ ಎಲ್ಲರೂ ಮಲಗಿದ ಮೇಲೆ ಆಡುವವರಿಗೆ ಮಾತ್ರ ನಾನು ಇದನ್ನು ಹೇಳುವುದು. ಅಂಥವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ಹೆಜ್ಜೆ ಹೆಜ್ಜೆಗೂ ಬಾಣದ ಗುರುತು ಇಲ್ಲದೆ ದೂರದಲ್ಲಿ ಕಂಡದ್ದನ್ನು ನೋಡಿಕೊಂಡೇ ದಾರಿ ಹುಡುಕುವ ಖುಷಿ ಬೇರೆ ಕಡೆ ಇಷ್ಟು ಸಿಗುವುದಿಲ್ಲ.

ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಇದನ್ನು ಕೇಳುವವರು ಬಹಳ. ಎರಿಕ್ ಬರೋನ್ ಅನ್ನುವ ಒಬ್ಬರೇ ಚಿತ್ರ, ಸಂಗೀತ, ಪ್ರೋಗ್ರಾಮಿಂಗ್ ಎಲ್ಲ ಮಾಡಿ 2016ರಲ್ಲಿ ತಂದದ್ದು. ಅಜ್ಜ ಬಿಟ್ಟುಹೋದ ಜಮೀನಿಗೆ ಪೇಟೆಯಿಂದ ವಾಪಸ್ ಬಂದು ಬೇಸಾಯ ಮಾಡುವ ಕಥೆ. ಇದರಲ್ಲಿ ರಾತ್ರಿ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಆದರೆ ಆಟದ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಅಂದರೆ ಕರೆಂಟ್ ಹೋದರೆ ಹೆಚ್ಚೆಂದರೆ ಅಷ್ಟೇ ನಷ್ಟ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

ತೋಟ ಇರುವ ಮನೆಯಲ್ಲಿ ಹುಟ್ಟಿದವಳಾಗಿ ನನಗೆ ಇದರ ಬಗ್ಗೆ ಒಂದು ತಕರಾರೂ ಇದೆ. ಬೆಳೆದದ್ದನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ಬೆಳಗ್ಗೆ ದುಡ್ಡು ಬಂದಿರುತ್ತದೆ. ಗುಣಮಟ್ಟ ನೋಡಿ ದರ ಇದೆ, ಆದರೆ ಆ ದರ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದರ ರೇಟು ದಿನಾ ನೋಡುವವರಿಗೆ ಇದು ಬೇಸಾಯದ ಅರ್ಧ ಕಥೆ ಅನ್ನಿಸುತ್ತದೆ. ಕೊಳೆ ರೋಗದಂಥದ್ದೂ ಇಲ್ಲ. ಬೆದರುಬೊಂಬೆ ನಿಲ್ಲಿಸಿ ಕಾಗೆ ಓಡಿಸಿದರೆ ಮುಗಿಯಿತು. ಮಳೆ ಬಂದರೆ ನೀರು ಹಾಕುವ ಕೆಲಸ ತಪ್ಪಿತು ಅಂತ ಖುಷಿ ಪಡುವುದೇ ಹೆಚ್ಚು. ಜಾಸ್ತಿ ಮಳೆ ಅನ್ನುವುದು ಆ ಲೋಕದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಬೇಸಾಯ ಕಲಿಸುತ್ತದೆ ಅಂತ ಮಕ್ಕಳಿಗೆ ಕೊಡಿಸಬೇಡಿ. ಊರಿನ ಜನರನ್ನು ನಿಧಾನಕ್ಕೆ ಪರಿಚಯ ಮಾಡಿಕೊಳ್ಳುವ ಆಟ ಅಂತ ಕೊಡಿಸಿ. ಆ ವಿಷಯದಲ್ಲಿ ಅದು ನಿಜಕ್ಕೂ ದೊಡ್ಡ ಕೆಲಸ.

ನೆಟ್ ಕಥೆ ಬೇರೆ. ಗ್ರ್ಯಾನ್ ಟುರಿಸ್ಮೊ 7, 2022ರ ಮಾರ್ಚ್‌ನಲ್ಲಿ ಬಂತು. ಕಾರು ಓಡಿಸುವ ಅನುಭವದಲ್ಲಿ ಕನ್ಸೋಲ್‌ನಲ್ಲಿ ಅದಕ್ಕೆ ಸಮ ಕಡಿಮೆ. ಒದ್ದೆ ರಸ್ತೆ ಒಣಗುತ್ತಾ ಬರುವುದನ್ನು ಟೈರ್‌ನಲ್ಲಿ ಗೊತ್ತು ಮಾಡಿಸುತ್ತದೆ. ಆದರೆ ಒಬ್ಬರೇ ಆಡುವ ಮುಖ್ಯ ಆಟಕ್ಕೂ ನೆಟ್ ಬೇಕೇ ಬೇಕು. ಬಂದ ತಿಂಗಳಲ್ಲೇ ಒಂದು ಅಪ್‌ಡೇಟ್ ಕೆಟ್ಟು ಸರ್ವರ್‌ಗಳು 30 ಗಂಟೆಗೂ ಮೀರಿ ನಿಂತಿದ್ದವು. ದುಡ್ಡು ಕೊಟ್ಟು ಡಿಸ್ಕ್ ತಂದವರು ಅಷ್ಟೂ ಹೊತ್ತು ಸುಮ್ಮನೆ ಕೂತರು. ಜಗತ್ತಿಗೆ ಅದು ಒಂದು ಸಲದ ಸುದ್ದಿ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಊರಿನವರಿಗೆ ಅದು ಯಾವತ್ತಿನ ಕಥೆ. ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ, ಎಷ್ಟೇ ಚೆನ್ನಾಗಿದ್ದರೂ, ಬೇಡ.

ರೆಡ್ ಡೆಡ್ ರಿಡೆಂಪ್ಷನ್ 2 ಇನ್ನೊಂದು ಲೆಕ್ಕ. 2018ರದ್ದು. ಪ್ಲೇಸ್ಟೇಷನ್ 4ಕ್ಕೆ ಎರಡು ಡಿಸ್ಕ್‌ನಲ್ಲಿ ಬಂತು. ಸುಮಾರು 100 ಜಿಬಿ ಜಾಗ ಬೇಕು. ದಿನಕ್ಕೆ 1.5 ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನಲ್ಲಿ ಡೌನ್‌ಲೋಡ್ ಮಾಡಿದರೆ ಎರಡು ತಿಂಗಳು ದಾಟುತ್ತದೆ. ಅದಕ್ಕೇ ಡಿಸ್ಕ್ ಹುಡುಕಿ ಅನ್ನುತ್ತೇನೆ. ಕುದುರೆ ಮೈ ತಿಕ್ಕುವುದು, ಕೆಸರಲ್ಲಿ ಹೆಜ್ಜೆ ಮೂಡುವುದು, ಬೆಳಗಿನ ಮಂಜು, ಎಲ್ಲ ನೋಡುತ್ತಾ ಕೂರಬಹುದು. ಆದರೆ ಮಿಷನ್, ಅಂದರೆ ಕಥೆಯಲ್ಲಿ ಕೊಟ್ಟ ಒಂದು ಕೆಲಸ, ಶುರುವಾದ ಮೇಲೆ ಗೇಮ್ ನಿಮ್ಮನ್ನು ನಂಬುವುದಿಲ್ಲ. ಹೇಳಿದ ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋದರೆ ಮಿಷನ್ ಫೇಲ್. ಮಿಷನ್ ಮಧ್ಯೆ ನಾವಾಗಿ ಸೇವ್ ಮಾಡಲೂ ಬರುವುದಿಲ್ಲ. ಇಷ್ಟು ವಿಶಾಲವಾದ ಜಾಗ ಕಟ್ಟಿ, ಆಮೇಲೆ ಕೈ ಹಿಡಿದು ಎಳೆದುಕೊಂಡು ಹೋಗುವುದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಳ್ಳುವವರಿಗೆ ಸೈಬರ್‌ಪಂಕ್ 2077 ವಿಷಯದಲ್ಲಿ ಒಂದು ಎಚ್ಚರಿಕೆ. 2020ರ ಡಿಸೆಂಬರ್‌ನಲ್ಲಿ ಬಂದಾಗ ಹಳೆ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟಿತ್ತು ಅಂದರೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆಯಿತು. ಮುಂದಿನ ಜೂನ್‌ವರೆಗೆ ವಾಪಸ್ ಬರಲಿಲ್ಲ. ಆಮೇಲೆ ತುಂಬಾ ರಿಪೇರಿ ಆಯಿತು. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಎಲ್ಲರೂ ಹೊಗಳಿದರು. ಆ ಹೊಗಳಿಕೆ ಓದಿ ಪ್ಲೇಸ್ಟೇಷನ್ 4 ಇರುವವರು ಕಡಿಮೆ ರೇಟಿಗೆ ಡಿಸ್ಕ್ ತಂದುಬಿಡುತ್ತಾರೆ. ಆದರೆ 2.0 ಪ್ಲೇಸ್ಟೇಷನ್ 4ಕ್ಕೆ ಬರಲೇ ಇಲ್ಲ. ಒಂದೇ ಹೆಸರು, ಒಂದೇ ಡಿಸ್ಕ್, ಆಟ ಎರಡು. ರಿವ್ಯೂ ಓದುವಾಗ ಯಾವ ಕನ್ಸೋಲ್, ಯಾವ ವರ್ಷ ಅಂತ ನೋಡಿ. ಅಂಕ ಆಮೇಲೆ.

ನಮ್ಮ ಕಡೆಯ ಕಥೆ ಇರುವ ಗೇಮ್ ಇದೆಯಾ ಅಂತ ಕೆಲವರು ಕೇಳುತ್ತಾರೆ. ಎರಡು ಹೇಳುತ್ತೇನೆ. ಪುಣೆಯ ನಾಡಿಂಗ್ ಹೆಡ್ಸ್ ಮಾಡಿದ ರಾಜಿ, 2020ರದ್ದು. ಗೋಡೆ ಚಿತ್ರಗಳು, ತೊಗಲುಗೊಂಬೆಯ ನೆರಳಲ್ಲಿ ಹೇಳುವ ಕಥೆ, ಎಲ್ಲ ಕಣ್ಣಿಗೆ ಹಬ್ಬ. ಹೊಡೆದಾಟದಲ್ಲಿ ಮಾತ್ರ ಪೆಟ್ಟಿನ ತೂಕ ಗೊತ್ತಾಗುವುದಿಲ್ಲ, ಕೊನೆ ಥಟ್ಟಂತ ಕತ್ತರಿಸಿದ ಹಾಗಿದೆ. ನಮ್ಮ ದೇಶದ್ದು ಅಂತ ಇದನ್ನು ಮುಚ್ಚಿಟ್ಟರೆ ಮಾಡಿದವರಿಗೇ ಅನ್ಯಾಯ.

ಇನ್ನೊಂದು ವೆಂಬಾ, 2023ರದ್ದು. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ, ಅಡುಗೆಯ ಮೂಲಕ. ಮೊದಲ ಒಗಟೇ ಇಡ್ಲಿ. ಅಡುಗೆ ಪುಸ್ತಕದ ಪುಟ ಹಾಳಾಗಿದೆ, ತಟ್ಟೆಗಳನ್ನು ಹೇಗೆ ಜೋಡಿಸಬೇಕು ಅಂತ ನಾವೇ ಊಹಿಸಬೇಕು. ಕಂಟ್ರೋಲರ್ ಮುಟ್ಟದ ನಮ್ಮ ದೊಡ್ಡಮ್ಮ ಹಿಂದೆ ನಿಂತು ನೋಡಿ, "ಕುಳಿ ಮೇಲೆ ಕುಳಿ ಬರಬಾರದು, ತಟ್ಟೆ ತಿರುಗಿಸೇ" ಅಂದರು. ಸರಿಯಾಯಿತು. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಚಿಕ್ಕದು ಅಂತ ದೂರುವವರಿದ್ದಾರೆ. ನನಗೆ ಉದ್ದ ಸರಿಯಾಗಿದೆ. ಮಗ ಮನೆ ಮಾತು ಬಿಡುತ್ತಾ ಹೋಗುವುದನ್ನು ಇನ್ನೂ ಎಳೆದಿದ್ದರೆ ಅದರ ನೋವು ತೆಳುವಾಗುತ್ತಿತ್ತು.

ಕೊನೆಗೆ, ಮನೆಮಂದಿಗೆಲ್ಲ ಒಂದೇ ಗೇಮ್ ಅಂದರೆ ಯಾವುದು ಅಂತ ಕೇಳುವ ಅಪ್ಪ ಅಮ್ಮಂದಿರಿಗೆ. ನನ್ನ ಉತ್ತರ ಇಟ್ ಟೇಕ್ಸ್ ಟೂ, 2021ರದ್ದು. ಒಬ್ಬರೇ ಆಡಲು ಆಗುವುದೇ ಇಲ್ಲ. ಒಬ್ಬರ ಕೈಯಲ್ಲಿ ಮೊಳೆ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ. ಒಬ್ಬರು ಮೊಳೆ ಎಸೆದು ಗೋಡೆಗೆ ನಾಟಿದರೆ ಇನ್ನೊಬ್ಬರು ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟಬೇಕು. ಮಾತಾಡದೆ ಮುಂದೆ ಹೋಗಲು ಸಾಧ್ಯವಿಲ್ಲ. ಸೇವ್ ಕೂಡ ಬೇಗ ಬೇಗ ಆಗುತ್ತದೆ. ಆದರೆ ಕಥೆ ವಿಚ್ಛೇದನದ ಅಂಚಿನಲ್ಲಿರುವ ಗಂಡ ಹೆಂಡತಿಯದು. ಮಧ್ಯೆ ಒಂದು ಆಟಿಕೆ ಆನೆಯನ್ನು ಅವರಿಬ್ಬರೂ ಎಳೆದು ನೋಯಿಸುವ ದೃಶ್ಯ ಇದೆ, ಅದೂ ನಮ್ಮ ಕೈಯಿಂದಲೇ ಮಾಡಿಸುತ್ತದೆ. ದೊಡ್ಡವರಿಗೇ ಕಷ್ಟ ಆಗುತ್ತದೆ. ಚಿಕ್ಕ ಮಕ್ಕಳಿದ್ದರೆ ಆ ಭಾಗವನ್ನು ಅವರು ಮಲಗಿದ ಮೇಲೆ ಆಡಿ. ಮನೆಯಲ್ಲಿ ಇರುವುದು ಒಂದೇ ಕಂಟ್ರೋಲರ್ ಆದರೆ ಈ ತಿಂಗಳು ಎರಡನೆಯದನ್ನು ತಗೊಳ್ಳಿ, ಗೇಮ್ ಮುಂದಿನ ತಿಂಗಳು.